ಧ್ವನಿಯ ದಾರಿ, ಹೆಸರಿನ ದಾರಿ: ಕಾರಿನೊಳಗಿನ ಶ್ರವ್ಯಜಾಲ ಮತ್ತು ಕನ್ನಡ ಅಧ್ಯಯನದ ಹೊಣೆ

ಯಂತ್ರ ಮತ್ತು ಭಾಷೆಯ ಸಂಬಂಧವನ್ನು ಕುರಿತು ಕನ್ನಡದಲ್ಲಿ ನಡೆದಿರುವ ಚರ್ಚೆಗಳು ಬಹುಮಟ್ಟಿಗೆ ಗಣಕಯಂತ್ರದ ಸುತ್ತಲೇ ಸುಳಿದಿವೆ. ಕೀಲಿಮಣೆಯ ವಿನ್ಯಾಸ, ಅಕ್ಷರರೂಪ, ಯೂನಿಕೋಡ್ ಮೊದಲಾದ ವಿಷಯಗಳು ಅಲ್ಲಿ ಮುನ್ನೆಲೆಗೆ ಬಂದಿವೆ. ಆದರೆ ಗಣಕವು ಮೇಜಿನ ಮೇಲಿನ ವಸ್ತುವಾಗಿ ಮಾತ್ರ ಉಳಿದು ಬಹಳ ಕಾಲವಾಯಿತು. ಅದು ಕಾರಿನ ಮುಂಭಾಗದಲ್ಲಿ ಪರದೆಯಾಗಿ, ಹಾಡು ನುಡಿಸುವ ಪೆಟ್ಟಿಗೆಯಾಗಿ, ದಾರಿ ಹೇಳುವ ದನಿಯಾಗಿ ಕುಳಿತಿದೆ. ಕನ್ನಡದ ಹಾಡೊಂದು ಅಲ್ಲಿ ಸ್ಪಷ್ಟವಾಗಿ ಕೇಳಿಬರುತ್ತಿರುವಾಗಲೇ ಅದರ ಹೆಸರಿನ ಜಾಗದಲ್ಲಿ ಖಾಲಿ ಚೌಕಗಳ ಸಾಲು ಮೂಡುವುದು ಹಲವರು ಕಂಡಿರುವ ಸಂಗತಿ. ಇದಕ್ಕೆ ಸಾಮಾನ್ಯವಾಗಿ ದೊರೆಯುವ ವಿವರಣೆ ಒಂದೇ: ‘ಯಂತ್ರಕ್ಕೆ ಕನ್ನಡ ಬರುವುದಿಲ್ಲ.’ ಈ ವಿವರಣೆಯಲ್ಲಿ ನೋವಿದೆ, ನಿಖರತೆಯಿಲ್ಲ. ಯಂತ್ರವೆಂಬುದು ಇಲ್ಲಿ ಒಂದು ವಸ್ತುವಲ್ಲ, ಹಲವು ಘಟಕಗಳ ಜಾಲ. ಆ ಜಾಲದ ಯಾವ ಹಂತದಲ್ಲಿ ಕನ್ನಡ ಸಾಗುತ್ತದೆ, ಯಾವ ಹಂತದಲ್ಲಿ ನಿಲ್ಲುತ್ತದೆ ಎಂಬುದನ್ನು ತಿಳಿಯದೆ ಮಾಡುವ ದೂರು ಯಾರನ್ನೂ ತಲುಪುವುದಿಲ್ಲ. ಆದ್ದರಿಂದ ಈ ಜಾಲದ ಸ್ವರೂಪವನ್ನು ಮೊದಲು ಅರಿಯುವುದು ಅಗತ್ಯ.

1

ಮೊದಲಿಗೆ ಕಾರಿನಲ್ಲಿ ರೇಡಿಯೋ ಎಂಬುದು ಸ್ವತಂತ್ರ ಪೆಟ್ಟಿಗೆಯಾಗಿತ್ತು. ಅದರಿಂದ ಹೊರಟ ತಂತಿಗಳು ನೇರವಾಗಿ ಧ್ವನಿವರ್ಧಕಗಳನ್ನು ಸೇರುತ್ತಿದ್ದವು. ಸಿ.ಡಿ. ಪೆಟ್ಟಿಗೆ, ದೂರವಾಣಿ, ದಾರಿ ತೋರುವ ಸಾಧನ, ಪ್ರತ್ಯೇಕ ಆಂಪ್ಲಿಫಯರ್ ಇವೆಲ್ಲ ಒಂದೊಂದಾಗಿ ಸೇರಿದಂತೆ ತಾಮ್ರದ ತಂತಿಯ ಕಟ್ಟು ದಪ್ಪವಾಯಿತು, ಭಾರವಾಯಿತು. ಎಂಜಿನ್, ಕಿಟಕಿ, ದೀಪಗಳ ನಿಯಂತ್ರಣಕ್ಕಾಗಿ ಬಾಷ್ ಸಂಸ್ಥೆಯು 1986ರಲ್ಲಿ ಪ್ರಕಟಿಸಿದ ‘ಕ್ಯಾನ್’ ಎಂಬ ಜಾಲವು ಚಿಕ್ಕ ಚಿಕ್ಕ ಸಂದೇಶಗಳನ್ನು ಸಾಗಿಸಲು ಸಮರ್ಥವಾಗಿತ್ತು. ಆದರೆ ಎಡೆಬಿಡದೆ ಹರಿಯಬೇಕಾದ ಸಂಗೀತವನ್ನು ಹೊರಲು ಅದಕ್ಕೆ ಶಕ್ತಿಯಿರಲಿಲ್ಲ. ಈ ಕೊರತೆಯನ್ನು ತುಂಬಲು ಜರ್ಮನಿಯ ಕಾರು ತಯಾರಕರು ಮತ್ತು ಅವರ ಪೂರೈಕೆದಾರರು ಸೇರಿ 1998ರಲ್ಲಿ ಒಂದು ಒಕ್ಕೂಟವನ್ನು ರಚಿಸಿಕೊಂಡರು. ಅಲ್ಲಿ ರೂಪುಗೊಂಡ ‘ಮೋಸ್ಟ್’ ಎಂಬ ಜಾಲವು 2001ರಲ್ಲಿ ಬಿ.ಎಂ.ಡಬ್ಲ್ಯು. ಸಂಸ್ಥೆಯ 7ನೆಯ ಸರಣಿಯ ಕಾರಿನ ಮೂಲಕ ಬಳಕೆಗೆ ಬಂದಿತು.

ಇದು ಉಂಗುರದ ಆಕಾರದ ಜಾಲ. ಒಂದು ಸಾಧನದಿಂದ ಹೊರಟ ಕೆಂಪು ಬೆಳಕು ಪ್ಲಾಸ್ಟಿಕ್ಕಿನ ಎಳೆಯೊಂದರ ಮೂಲಕ ಮುಂದಿನ ಸಾಧನವನ್ನು, ಅಲ್ಲಿಂದ ಅದರ ಮುಂದಿನದನ್ನು ಮುಟ್ಟಿ ಕೊನೆಗೆ ಹೊರಟಲ್ಲಿಗೇ ಮರಳುತ್ತದೆ. ಬೆಳಕಿನ ಮಾರ್ಗವಾದ್ದರಿಂದ ಎಂಜಿನ್ನಿನ ಕಿಡಿ ಅಥವಾ ಮೋಟಾರುಗಳ ವಿದ್ಯುತ್ ಗದ್ದಲ ಅದರೊಳಗೆ ನುಸುಳುವುದಿಲ್ಲ. ಆದರೆ ಎಳೆ ಒಂದೆಡೆ ತುಂಡಾದರೆ ಅಥವಾ ತೀರ ಬಿಗಿಯಾಗಿ ಮಡಿಸಿ ಬೆಳಕು ಸೋರಿಹೋದರೆ ಉಂಗುರವೆಲ್ಲ ಮೂಕವಾಗುತ್ತದೆ.

ಉಂಗುರದಲ್ಲಿ ಮಾಹಿತಿ ಹರಿಯುವ ಕ್ರಮವನ್ನು ಗೂಡ್ಸ್ ರೈಲಿಗೆ ಹೋಲಿಸಬಹುದು. ಸಾಧನಗಳಲ್ಲೊಂದು ಕಾಲದ ಯಜಮಾನಿಕೆಯನ್ನು ವಹಿಸಿ ಕ್ಷಣಕ್ಷಣಕ್ಕೂ ಒಂದು ರೈಲನ್ನು ಬಿಡುತ್ತದೆ. ಮೊದಲ ತಲೆಮಾರಿನ ಮೋಸ್ಟ್ ಜಾಲವು ಸಿ.ಡಿ.ಯ ಲಯವನ್ನು ಅನುಸರಿಸಿದಾಗ ಸೆಕೆಂಡಿಗೆ ಇಂತಹ 44,100 ರೈಲುಗಳು ಹೊರಡುತ್ತವೆ. ಪ್ರತಿಯೊಂದರಲ್ಲಿಯೂ 64 ಬೈಟುಗಳ ಜಾಗವಿದ್ದು, ಅದರಲ್ಲಿ 60 ಬೈಟುಗಳು ಸರಕಿಗೆ ಮೀಸಲು. ಸಿ.ಡಿ. ಗುಣಮಟ್ಟದ ಸ್ಟೀರಿಯೋ ಧ್ವನಿಗೆ ಪ್ರತಿ ಬಾರಿಗೆ 4 ಬೈಟುಗಳು ಸಾಕು. ಎಂದರೆ ಏಕಕಾಲಕ್ಕೆ 15 ಬೇರೆ ಬೇರೆ ಸ್ಟೀರಿಯೋ ಧಾರೆಗಳಿಗೆ ಅಲ್ಲಿ ಎಡೆಯಿದೆ. ಧ್ವನಿಗೆ ಒಮ್ಮೆ ಬೋಗಿಯನ್ನು ಕಾದಿರಿಸಿದರೆ ಹಾಡು ಮುಗಿಯುವವರೆಗೆ ಅದು ಅದರದೇ. ಬೇರೆ ಯಾವ ಸಂದೇಶವೂ ಅದನ್ನು ತಡೆಯಲಾರದು. ಹಾಡಿನ ಹೆಸರು, ಹಾಡುಗಾರರ ಹೆಸರು, ‘ದನಿ ಏರಿಸು’, ‘ಮುಂದಿನದಕ್ಕೆ ಹೋಗು’ ಎಂಬ ಆಜ್ಞೆಗಳು ಈ ಬೋಗಿಗಳಲ್ಲಿ ಸಾಗುವುದಿಲ್ಲ. ಅವುಗಳಿಗೆ ಬೇರೆಯೇ ಜಾಗವಿದೆ. ಅವು ಸರದಿ ಕಾದು ಬಿಡಿಬಿಡಿ ಸಂದೇಶಗಳಾಗಿ ಹೋಗುತ್ತವೆ.

ಇಂದು ಮೋಸ್ಟ್ ಜಾಲದ ಸ್ಥಾನವನ್ನು ಈಥರ್ನೆಟ್ ಮತ್ತು ತಿರುಚಿದ ಜೋಡಿತಂತಿಯ ಹೊಸ ಜಾಲಗಳು ಆಕ್ರಮಿಸಿಕೊಳ್ಳುತ್ತಿವೆ. ಬೆಳಕಿನ ಉಂಗುರ ಮರೆಯಾದರೂ ತತ್ತ್ವ ಉಳಿದಿದೆ. ಧ್ವನಿಗೆ ಸಮಯದ ಖಾತರಿ, ಸಾಧನಗಳಿಗೆಲ್ಲ ಒಂದೇ ಗಡಿಯಾರ, ಹೆಸರು ಮತ್ತು ಆಜ್ಞೆಗಳಿಗೆ ಪ್ರತ್ಯೇಕ ದಾರಿ ಎಂಬುದೇ ಆ ತತ್ತ್ವ. ಮೊಬೈಲಿನಿಂದ ಬ್ಲೂಟೂತ್ ಮೂಲಕ ಹಾಡು ಕೇಳುವಾಗಲೂ ಧ್ವನಿಯನ್ನು ಸಾಗಿಸುವ ನಿಯಮಾವಳಿ ಒಂದು, ಹೆಸರನ್ನು ಸಾಗಿಸುವ ನಿಯಮಾವಳಿ ಇನ್ನೊಂದು.

2

ಕನ್ನಡದ ಪ್ರಶ್ನೆ ಹುಟ್ಟುವುದು ಈ ಕವಲಿನಲ್ಲಿ. ಧ್ವನಿಯ ದಾರಿಯಲ್ಲಿ ಭಾಷಾಭೇದವಿಲ್ಲ. ಯಕ್ಷಗಾನದ ಭಾಗವತಿಕೆಯಾಗಲಿ, ಜರ್ಮನ್ ಒಪೆರಾ ಆಗಲಿ, ಸೆಕೆಂಡಿಗೆ 44,100 ಬಾರಿ ಅಳೆದ ಅಂಕಿಗಳಾಗಿ ಒಂದೇ ಗೌರವದಿಂದ ಸಾಗುತ್ತವೆ. ಹೆಸರಿನ ದಾರಿಯಲ್ಲಿ ಹಾಗಿಲ್ಲ. ಹೆಸರು ಲಿಪಿಯಲ್ಲಿರುತ್ತದೆ. ಲಿಪಿಗೆ ಸಂಕೇತ ಬೇಕು, ಸಂಕೇತವನ್ನು ಓದಬಲ್ಲ ತಂತ್ರಾಂಶ ಬೇಕು, ಅಕ್ಷರರೂಪ ಬೇಕು.

ಆಶ್ಚರ್ಯದ ಸಂಗತಿಯೆಂದರೆ, ಸಾಗಣೆಯ ಹಂತದಲ್ಲಿ ಕನ್ನಡಕ್ಕೆ ಮೂಲಭೂತ ಅಡ್ಡಿಯೇನೂ ಇಲ್ಲ. ಮೋಸ್ಟ್ ಜಾಲದಲ್ಲಿ ಪಠ್ಯವೊಂದನ್ನು ಕಳುಹಿಸುವಾಗ ಅದರ ಮೊದಲ ಬೈಟು ಮುಂದಿನ ಅಕ್ಷರಗಳು ಯಾವ ಸಂಕೇತ ಪದ್ಧತಿಯಲ್ಲಿವೆ ಎಂಬುದನ್ನು ಸಾರುತ್ತದೆ; ಆ ಪಟ್ಟಿಯಲ್ಲಿ ಯೂನಿಕೋಡಿಗೂ ಸ್ಥಾನವಿದೆ. ಬ್ಲೂಟೂತ್ ಕೂಡ ಹಾಡಿನ ಹೆಸರನ್ನು ಯು.ಟಿ.ಎಫ್.-8 ಎಂಬ ಯೂನಿಕೋಡ್ ರೂಪದಲ್ಲಿ ಒಯ್ಯುತ್ತದೆ. ಹಾಗಿರುವಾಗ ತೊಡಕು ಇರುವುದು ಎರಡು ತುದಿಗಳಲ್ಲಿ: ಹೆಸರು ಹುಟ್ಟುವಲ್ಲಿ ಮತ್ತು ಹೆಸರು ಮೂಡುವಲ್ಲಿ.

ಮೂಡುವ ತುದಿಯನ್ನು ಮೊದಲು ನೋಡಬಹುದು. ‘ಕರ್ನಾಟಕ’ ಎಂಬ ಪದ ಯಂತ್ರದ ನೆನಪಿನಲ್ಲಿ ಉಚ್ಚಾರಣೆಯ ಕ್ರಮದಲ್ಲಿರುತ್ತದೆ: ಮೊದಲು ರಕಾರ, ಅನಂತರ ನಕಾರ. ಪರದೆಯ ಮೇಲಾದರೋ ‘ನಾ’ ಮೊದಲು ಬಂದು, ಅರ್ಕಾವೊತ್ತು ಅದರ ಬಲಕ್ಕೆ ಕೂರಬೇಕು. ‘ಸ್ತ್ರೀ’ ಎಂಬ ಒಂದೇ ಅಕ್ಷರ ಯೂನಿಕೋಡಿನಲ್ಲಿ ಆರು ಸಂಕೇತಗಳು, ಯು.ಟಿ.ಎಫ್.-8ರಲ್ಲಿ 18 ಬೈಟುಗಳು. ಈ ಆರನ್ನು ಒಂದಾಗಿಸಿ, ಒತ್ತುಗಳನ್ನು ಅವುಗಳ ಸ್ಥಾನದಲ್ಲಿ ನಿಲ್ಲಿಸುವ ಕೆಲಸ ಅಕ್ಷರರೂಪದ ಕಡತದಿಂದಷ್ಟೇ ಆಗುವುದಿಲ್ಲ. ಅದಕ್ಕೆ ಲಿಪಿಯ ವ್ಯಾಕರಣವನ್ನು ಬಲ್ಲ ತಂತ್ರಾಂಶ ಬೇಕು. ಅಕ್ಷರರೂಪವೇ ಇಲ್ಲದಿದ್ದರೆ ಚೌಕಗಳು ಕಾಣುತ್ತವೆ. ಅಕ್ಷರರೂಪವಿದ್ದು ವ್ಯಾಕರಣವಿಲ್ಲದಿದ್ದರೆ ಅಕ್ಷರಗಳು ಬಿಡಿಬಿಡಿಯಾಗಿ ಒಡೆದುಕೊಳ್ಳುತ್ತವೆ. ಇವೆರಡೂ ಬೇರೆ ಬೇರೆ ದೋಷಗಳು, ಪರಿಹಾರಗಳೂ ಬೇರೆ. ‘ಕನ್ನಡ ಬರುವುದಿಲ್ಲ’ ಎಂಬ ಒಂದೇ ಮಾತು ಎರಡನ್ನೂ ಮುಚ್ಚಿಹಾಕುತ್ತದೆ.

ಮೊಬೈಲಿನ ಪರದೆಯನ್ನು ಕಾರಿಗೆ ತರುವ ವ್ಯವಸ್ಥೆಗಳು (ಆಪಲ್ ಸಂಸ್ಥೆಯ ಕಾರ್‌ಪ್ಲೇ 2014ರಲ್ಲಿ, ಗೂಗಲ್ ಸಂಸ್ಥೆಯ ಆಂಡ್ರಾಯ್ಡ್ ಆಟೋ 2015ರಲ್ಲಿ ಬಳಕೆಗೆ ಬಂದವು) ಈ ಸಮಸ್ಯೆಯನ್ನು ಅಡ್ಡದಾರಿಯಿಂದ ದಾಟಿವೆ. ಅಲ್ಲಿ ಅಕ್ಷರವನ್ನು ಬಿಡಿಸುವುದು ಮೊಬೈಲು. ಅದು ಬಿಡಿಸಿದ ಚಿತ್ರ ವಿಡಿಯೋ ಆಗಿ ಕಾರನ್ನು ಸೇರುತ್ತದೆ. ಕಾರು ಅದನ್ನು ತೋರಿಸುತ್ತದೆ, ಓದುವುದಿಲ್ಲ. ಹೀಗಾಗಿ ಒಂದೇ ಪರದೆಯಲ್ಲಿ ಎರಡು ಬಗೆಯ ಸಾಕ್ಷರತೆ ನೆಲೆಸಿರಬಹುದು. ಮೊಬೈಲಿನಿಂದ ಬಂದ ಹೆಸರು ಶುದ್ಧ ಕನ್ನಡದಲ್ಲಿ ಮೂಡಿದರೆ, ಪೆನ್‌ಡ್ರೈವಿನಿಂದ ಬಂದ ಅದೇ ಹೆಸರು ಚೌಕಗಳಾಗಿ ಕಾಣುತ್ತದೆ. ಮೊದಲನೆಯದನ್ನು ನೋಡಿ ಸಮಸ್ಯೆ ತೀರಿತೆಂದು ಭಾವಿಸುವುದು ಅವಸರದ ತೀರ್ಮಾನ. ಅದು ಎರವಲು ಅಕ್ಷರ.

3

ಹೆಸರು ಹುಟ್ಟುವ ತುದಿಯ ಕಥೆ ಇದಕ್ಕಿಂತ ಮುಜುಗರದ್ದು, ಏಕೆಂದರೆ ಅಲ್ಲಿ ಹೊರಗಿನವರನ್ನು ದೂರುವಂತಿಲ್ಲ. ಧ್ವನಿಕಡತದೊಳಗೆ ಹೆಸರನ್ನು ಬರೆದಿಡುವ ಪದ್ಧತಿ 1996ರಲ್ಲಿ ಆರಂಭವಾದಾಗ ಶೀರ್ಷಿಕೆಗೆ ಕೇವಲ 30 ಬೈಟುಗಳ ಜಾಗವಿತ್ತು. ಯಾವ ಸಂಕೇತ ಪದ್ಧತಿಯೆಂದು ಹೇಳುವ ಅವಕಾಶವೂ ಇರಲಿಲ್ಲ. ಯು.ಟಿ.ಎಫ್.-8ರಲ್ಲಿ ಕನ್ನಡದ ಹತ್ತು ಸಂಕೇತಗಳಿಗೇ ಅದು ತುಂಬಿಹೋಗುತ್ತದೆ. ಅನಂತರದ ಆವೃತ್ತಿಗಳು ಈ ಮಿತಿಯನ್ನು ನೀಗಿ ಯೂನಿಕೋಡನ್ನು ಒಪ್ಪಿಕೊಂಡಿವೆ. ಆದರೂ ವಚನ, ಕೀರ್ತನೆ, ತತ್ತ್ವಪದ, ಭಾವಗೀತೆಗಳ ಧ್ವನಿಮುದ್ರಣಗಳಲ್ಲಿ ಹೆಸರುಗಳು ರೋಮನ್ ಲಿಪಿಯಲ್ಲಿಯೇ ಇರುವುದು ಇಂದಿಗೂ ಸಾಮಾನ್ಯ. ಹಳೆಯ ತಂತ್ರಾಂಶಗಳ ಕಾಲದಲ್ಲಿ, ರೋಮನ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ಆಕೃತಿಗಳನ್ನು ತೊಡಿಸಿದ ಅಕ್ಷರರೂಪಗಳಲ್ಲಿ ಬರೆದಿಟ್ಟ ಹೆಸರುಗಳಾದರೆ ಆ ಅಕ್ಷರರೂಪವಿಲ್ಲದ ಯಾವ ಯಂತ್ರದಲ್ಲಿಯೂ ಅರ್ಥಹೀನ ಚಿಹ್ನೆಗಳಾಗುತ್ತವೆ.

ರೋಮನ್ ಲಿಪಿಯ ಬಳಕೆಯಿಂದ ಆಗುವ ನಷ್ಟ ಕೇವಲ ಅಭಿಮಾನದ್ದಲ್ಲ. ಕಾಲ, ಕಾಳ, ಕಳ, ಕಲಾ ಎಂಬ ನಾಲ್ಕು ಪದಗಳೂ ಬಳಕೆಯ ರೋಮನ್ ಕಾಗುಣಿತದಲ್ಲಿ ಒಂದೇ ಆಗಿಬಿಡುತ್ತವೆ. ಹ್ರಸ್ವ-ದೀರ್ಘ, ಲಕಾರ-ಳಕಾರ, ನಕಾರ-ಣಕಾರಗಳ ಭೇದ ಅಳಿದ ಮೇಲೆ ಹುಡುಕಾಟವೂ ಅಳಿಯುತ್ತದೆ. ಒಬ್ಬ ಸಂಪಾದಕರು ಒಂದು ಬಗೆಯಲ್ಲಿ, ಇನ್ನೊಬ್ಬರು ಇನ್ನೊಂದು ಬಗೆಯಲ್ಲಿ ಬರೆದ ಹೆಸರುಗಳಿಂದ ಒಂದೇ ಕೃತಿಯ ಹಲವು ಗಾಯನಗಳು ಒಂದನ್ನೊಂದು ಅರಿಯದೆ ಚದುರಿಹೋಗುತ್ತವೆ. ಪಾಠಾಂತರಗಳ ವಿಷಯದಲ್ಲಿ ಅಷ್ಟು ಎಚ್ಚರ ವಹಿಸುವ ಗ್ರಂಥಸಂಪಾದನಾ ಪರಂಪರೆಯುಳ್ಳ ಭಾಷೆಯಲ್ಲಿ ಧ್ವನಿಪಠ್ಯದ ಶೀರ್ಷಿಕೆಗೆ ಇಂತಹ ಉದಾಸೀನ ಸಲ್ಲದು.

ಧ್ವನಿಯ ದಾರಿ ಭಾಷೆಗಳನ್ನು ಸಮಾನವಾಗಿ ಕಾಣುತ್ತದೆ ಎಂಬ ಮಾತಿಗೂ ಒಂದು ತಿದ್ದುಪಡಿ ಬೇಕು. ಕೇಳುವಾಗ ಅದು ನಿಜ, ಮಾತನಾಡುವಾಗ ಅಲ್ಲ. ಬ್ಲೂಟೂತಿನ ಹಳೆಯ ಕರೆಪದ್ಧತಿಯಲ್ಲಿ ಮಾತನ್ನು ಸೆಕೆಂಡಿಗೆ 8,000 ಬಾರಿ ಮಾತ್ರ ಅಳೆಯಲಾಗುತ್ತಿತ್ತು. ಹೀಗೆ ಅಳೆದಾಗ 4,000 ಹರ್ಟ್ಸ್ ಮೇಲಿನ ಕಂಪನಗಳು ಉಳಿಯುವುದಿಲ್ಲ. ಸಕಾರದ ಸೀಟಿಯಂತಹ ಗುಣದ ಬಹುಪಾಲು ಇರುವುದು ಆ ಎತ್ತರದಲ್ಲಿ. ಆದ್ದರಿಂದ ಸಕಾರ-ಶಕಾರಗಳ ಭೇದ ಅಲ್ಲಿ ಮಸುಕಾಗುತ್ತದೆ. ಅನಂತರ ಈ ಪ್ರಮಾಣವನ್ನು 16,000ಕ್ಕೆ ಏರಿಸಿದ ಪದ್ಧತಿ ಬಂದಿದೆ. ಕಾರಿಗೆ ಬಾಯಿಮಾತಿನಲ್ಲಿ ಊರಿನ ಹೆಸರು ಹೇಳುವ ಕಾಲದಲ್ಲಿ ಇದು ಧ್ವನಿಶಾಸ್ತ್ರದ ವಿದ್ಯಾರ್ಥಿಗಳಿಗೆ ನೇರವಾಗಿ ಸಂಬಂಧಿಸಿದ ವಿಷಯ. ಗಾಳಿ, ಎಂಜಿನ್, ರಸ್ತೆಯ ಸದ್ದಿನ ನಡುವೆ ಕಲಬುರಗಿಯ, ಕುಂದಾಪುರದ, ಚಾಮರಾಜನಗರದ ಕನ್ನಡಗಳು ಹೇಗೆ ಗುರುತಾಗುತ್ತವೆ ಎಂಬುದನ್ನು ಉಪಭಾಷೆಗಳ ಅಧ್ಯಯನ ನಡೆಸಿದವರಲ್ಲದೆ ಇನ್ನಾರು ವಿವರಿಸಬಲ್ಲರು?

4

ಈ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ಚಾಲಕನು ರಸ್ತೆಯನ್ನು ನೋಡಬೇಕೇ ಹೊರತು ಪರದೆಯನ್ನಲ್ಲ, ಆದ್ದರಿಂದ ಅಲ್ಲಿ ಯಾವ ಲಿಪಿ ಇದ್ದರೇನು ಎಂಬುದು ಮೊದಲನೆಯದು. ಚಾಲಕನ ನೋಟ ಪರದೆಯ ಮೇಲೆ ಕ್ಷಣಮಾತ್ರ ಬೀಳಬೇಕು ಎಂಬುದು ನಿಜವೇ. ಆದರೆ ಕ್ಷಣಮಾತ್ರದಲ್ಲಿ ಓದಲು ಸಾಧ್ಯವಾಗುವುದು ರೂಢಿಯ ಲಿಪಿಯನ್ನೇ. ಒಡೆದ ಒತ್ತಕ್ಷರವನ್ನು ಕೂಡಿಸಿ ಓದುವುದಕ್ಕೆ ಹೆಚ್ಚು ಹೊತ್ತು ಬೇಕು. ಇಂತಹ ಕಾರು ಕೊಳ್ಳುವವರಿಗೆ ಇಂಗ್ಲಿಷ್ ಗೊತ್ತೇ ಇರುತ್ತದೆ ಎಂಬುದು ಎರಡನೆಯದು. 2001ರ ಆ ದುಬಾರಿ ಕಾರಿನ ಮಟ್ಟಿಗೆ ಇದನ್ನು ಒಪ್ಪಬಹುದಿತ್ತೇನೋ. ಇಂದು ಪರದೆ ಸಾಮಾನ್ಯ ಕಾರಿಗೂ, ಬಾಡಿಗೆ ಟ್ಯಾಕ್ಸಿಗೂ ಬಂದಿದೆ. ಓಡಿಸುವವರು ಮತ್ತು ಕೊಂಡವರು ಒಬ್ಬರೇ ಆಗಿರಬೇಕಿಲ್ಲ. ಮೇಲಾಗಿ ರೋಮನ್ ಲಿಪಿಯಲ್ಲಿ ಬರೆದ ಕನ್ನಡ ಹೆಸರು ಇಂಗ್ಲಿಷೂ ಅಲ್ಲ, ಕನ್ನಡವೂ ಅಲ್ಲ.

ಹಾಗಾದರೆ ಕನ್ನಡ ವಿಭಾಗಗಳು ಮಾಡಬೇಕಾದುದೇನು? ಮೊದಲನೆಯದಾಗಿ, ತಮ್ಮ ಬಳಿಯಿರುವ ಕ್ಷೇತ್ರಕಾರ್ಯದ ಧ್ವನಿಮುದ್ರಣಗಳಿಗೆ ಯೂನಿಕೋಡಿನಲ್ಲಿ, ಒಂದೇ ಕಾಗುಣಿತ ಕ್ರಮದಲ್ಲಿ ಹೆಸರಿಡಬೇಕು. ಇದಕ್ಕೆ ಅನುದಾನದ ಅಗತ್ಯವಿಲ್ಲ, ಶಿಸ್ತು ಸಾಕು. ಎರಡನೆಯದಾಗಿ, ಕನ್ನಡ ಲಿಪಿಯ ಕಠಿಣ ಸಂಯೋಗಗಳನ್ನು ಒಳಗೊಂಡ ಪರೀಕ್ಷಾಪದಗಳ ಪಟ್ಟಿಯೊಂದನ್ನು ಸಿದ್ಧಪಡಿಸಬೇಕು. ಸ್ತ್ರೀ, ರಾಷ್ಟ್ರ, ವಾಙ್ಮಯ, ಲಕ್ಷ್ಮೀಶ, ಅರ್ಕಾವತಿ, ಜ್ಞಾನ ಇಂತಹ ಪದಗಳು ಪರದೆಯಲ್ಲಿ ಹೇಗೆ ಮೂಡಬೇಕೆಂಬ ಮಾದರಿಯನ್ನು ತಯಾರಕರ ಮುಂದಿಡಬಲ್ಲವರು ಲಿಪಿಶಾಸ್ತ್ರ ಬಲ್ಲವರೇ. ಮೊಬೈಲುಗಳಲ್ಲಿ ಭಾರತೀಯ ಭಾಷೆಗಳನ್ನು ಓದಲು ಸಾಧ್ಯವಾಗಬೇಕೆಂದು ಭಾರತೀಯ ಮಾನಕ ಬ್ಯೂರೋ 2016ರಲ್ಲಿ ಮಾನಕವನ್ನು ರೂಪಿಸಿತು. ಅಂತಹುದೇ ಅಪೇಕ್ಷೆಯನ್ನು ಕಾರಿನ ಪರದೆಯ ಬಗೆಗೂ ಮಂಡಿಸಲು ಆಧಾರಸಹಿತವಾದ ವರದಿ ಬೇಕು. ಮೂರನೆಯದಾಗಿ, ಸ್ನಾತಕೋತ್ತರ ಪಠ್ಯಕ್ರಮದ ಭಾಷಾವಿಜ್ಞಾನ ಪತ್ರಿಕೆಯಲ್ಲಿ ಸಂಕೇತ ಪದ್ಧತಿ ಮತ್ತು ಲಿಪಿಯ ಮೂಡಿಕೆಯ ಕುರಿತು ಒಂದು ಘಟಕವಾದರೂ ಇರಬೇಕು.

ಪರಿಭಾಷೆಯ ಮಾತನ್ನು ಬೇಕೆಂದೇ ಕೊನೆಗೆ ಇಟ್ಟುಕೊಳ್ಳಬೇಕಾಗಿದೆ. ಇಂತಹ ಚರ್ಚೆಗಳು ಸಾಮಾನ್ಯವಾಗಿ ‘ಇನ್ಫೋಟೈನ್‌ಮೆಂಟ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು ಎಂಬಲ್ಲಿ ಆರಂಭವಾಗಿ ಅಲ್ಲಿಯೇ ಮುಗಿಯುತ್ತವೆ. ಶಿವರಾಮ ಕಾರಂತರ ವಿಜ್ಞಾನ ಬರವಣಿಗೆಯಾಗಲಿ, ಬಿ.ಜಿ.ಎಲ್. ಸ್ವಾಮಿಯವರ ಸಸ್ಯಶಾಸ್ತ್ರದ ಬರವಣಿಗೆಯಾಗಲಿ ಪದಸೃಷ್ಟಿಯಿಂದಷ್ಟೇ ಬೆಳೆದುದಲ್ಲ. ಕ್ರಿಯೆಯನ್ನು ಕನ್ನಡದ ವಾಕ್ಯದಲ್ಲಿ ಹಿಡಿದಿಟ್ಟುದರಿಂದ ಬೆಳೆದುದು. ಬೆಳಕು ಉಂಗುರದಲ್ಲಿ ಹೇಗೆ ಸುತ್ತುತ್ತದೆ ಎಂಬುದನ್ನು ಕನ್ನಡದಲ್ಲಿ ಹೇಳಲು ಬಂದ ಮೇಲೆ ಆ ಉಂಗುರಕ್ಕೆ ಹೆಸರು ತಾನಾಗಿ ದೊರೆಯುತ್ತದೆ.

1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಆ ಕೇಂದ್ರದ ಹೆಸರು ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಆ ಪ್ರಾಧ್ಯಾಪಕರು ಯಂತ್ರಕ್ಕೆ ಕನ್ನಡ ಬರುವುದೋ ಇಲ್ಲವೋ ಎಂದು ಕಾದು ಕುಳಿತವರಲ್ಲ. ಯಂತ್ರವನ್ನು ತಿಳಿದುಕೊಂಡರು, ಬಳಸಿದರು. ಹೆಸರು ಅದರ ಹಿಂದೆಯೇ ಬಂದಿತು. ವಿಶ್ವವಿದ್ಯಾಲಯದ ಆವರಣದಲ್ಲಿ ಅಂತಹ ಕುತೂಹಲಕ್ಕೆ ಇಂದಿಗೂ ಎಡೆಯಿರಬೇಕು. ಕಾರಿನ ಪರದೆಯ ಮೇಲೆ ಮೂಡುವ ಖಾಲಿ ಚೌಕವನ್ನು ಅವಮಾನವೆಂದು ಬಗೆಯುವುದಕ್ಕಿಂತ, ಉತ್ತರ ಬರೆಯಬೇಕಾದ ಪ್ರಶ್ನೆಯೆಂದು ಬಗೆಯುವುದು ಹೆಚ್ಚು ಉಪಯುಕ್ತ.