ಕಳಿಸಿದ ಪತ್ರ, ಕಳಿಸದ ಪತ್ರ

1863ರ ಜುಲೈ 13ರಂದು ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ ತನ್ನ ಸೇನಾನಿಗಳಲ್ಲೊಬ್ಬನಾದ ಯುಲಿಸಿಸ್ ಗ್ರಾಂಟನಿಗೆ ಒಂದು ಚಿಕ್ಕ ಪತ್ರ ಬರೆದ. ಅಂತರ್ಯುದ್ಧದ ಮೂರನೆಯ ವರ್ಷ ಅದು. ಮಿಸಿಸಿಪಿ ನದಿಯ ದಂಡೆಯ ವಿಕ್ಸ್‌ಬರ್ಗ್ ಒಂಬತ್ತು ದಿನಗಳ ಹಿಂದಷ್ಟೇ ಗ್ರಾಂಟನ ಕೈಸೇರಿತ್ತು. ನಾವಿಬ್ಬರೂ ಮುಖತಃ ಭೇಟಿಯಾದ ನೆನಪಿಲ್ಲ ಎಂದು ಶುರುವಾಗುವ ಆ ಪತ್ರದಲ್ಲಿ ಲಿಂಕನ್, ಗ್ರಾಂಟ್ ನದಿಯ ಕೆಳಹರಿವಿಗೆ ಸಾಗಿ ಇನ್ನೊಂದು ಪಡೆಯನ್ನು ಕೂಡಿಕೊಳ್ಳಬೇಕಿತ್ತೆಂದು ತಾನು ಎಣಿಸಿದ್ದಾಗಿಯೂ, ಆತ ಉತ್ತರಕ್ಕೆ ತಿರುಗಿದಾಗ ಎಡವಿದನೆಂದು ಅಂಜಿದ್ದಾಗಿಯೂ ಹೇಳಿ, ಸರಿ ನಿಮ್ಮದು, ತಪ್ಪು ನನ್ನದು ಎಂದು ಒಪ್ಪಿಕೊಂಡ. ಮರುದಿನ ಆತ ಬರೆದದ್ದು ಗೆಟಿಸ್‌ಬರ್ಗ್ ಗೆದ್ದ ಜನರಲ್ ಜಾರ್ಜ್ ಮೀಡ್‌ಗೆ. ಸೋತು ಹಿಂದೆಗೆಯುತ್ತಿದ್ದ, ದಕ್ಷಿಣದ ಸೇನಾನಿ ರಾಬರ್ಟ್ ಲೀಯ ದಂಡು ಪೊಟೊಮ್ಯಾಕ್ ನದಿ ದಾಟಿ ಪಾರಾಗಿತ್ತು. ವೈರಿ ಕೈಗೆ ಸಿಕ್ಕಂತೆಯೇ ಇದ್ದ, ನೀವು ಬಿಟ್ಟುಕೊಟ್ಟಿರಿ, ಇನ್ನು ಈ ಯುದ್ಧಕ್ಕೆ ಕೊನೆಯೆಂದೋ ಎಂಬ ಸಂಕಟ ಆ ಕಾಗದದ ತುಂಬ ಇದೆ. ಮೊದಲ ಪತ್ರ ಗ್ರಾಂಟನಿಗೆ ಹೋಯಿತು. ಎರಡನೆಯದು ಲಿಂಕನ್ನನ ಕಾಗದಗಳಲ್ಲೇ ಉಳಿಯಿತು. ಅದರ ಲಕೋಟೆಯ ಮೇಲೆ ಆತನದೇ ಕೈಬರಹ: ಕಳಿಸಿಲ್ಲ, ರುಜು ಹಾಕಿಲ್ಲ. ಇವೆರಡರಲ್ಲಿ ನಿಜವಾದ ಲಿಂಕನ್ ಯಾವ ಕಾಗದದಲ್ಲಿದ್ದಾನೆ? ದೊಡ್ಡವರ ಪತ್ರಗಳನ್ನು ಚರಿತ್ರೆಯ ಸಾಕ್ಷಿಯೆಂದು ಓದುವ ಯಾರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ.

ಸಾಮಾನ್ಯವಾಗಿ ಕೊಡುವ ಉತ್ತರ ಒಂದಿದೆ. ಭಾಷಣ ಜನರಿಗಾಗಿ, ಹುಕುಂ ದಫ್ತರಕ್ಕಾಗಿ, ಪತ್ರ ಮಾತ್ರ ಒಳಮನಸ್ಸಿನದು. ಅದರಲ್ಲೂ ಕಳಿಸದ ಪತ್ರವೆಂದರೆ ಅಪ್ಪಟ ಸತ್ಯ. ಕೇಳಲು ಹಿತವಾದ ಈ ಉತ್ತರ ನನಗೆ ಸರಿಕಾಣುವುದಿಲ್ಲ. ಅಧಿಕಾರದಲ್ಲಿರುವವರ ಮಟ್ಟಿಗೆ ಪತ್ರವೆನ್ನುವುದು ಮೊದಲು ಒಂದು ಕೆಲಸ, ಆಮೇಲಷ್ಟೇ ಮನಸ್ಸಿನ ಮಾತು. ಒಬ್ಬರಿಂದ ಏನನ್ನೋ ಮಾಡಿಸಲು, ಇನ್ನೊಬ್ಬರನ್ನು ತಡೆಯಲು, ಮುನಿದವರನ್ನು ಒಲಿಸಿಕೊಳ್ಳಲು ಅದನ್ನು ಬರೆಯುತ್ತಾರೆ. ಮೀಡ್ ಆ ಹೊತ್ತಿಗಾಗಲೇ, ಅಧ್ಯಕ್ಷರಿಗೆ ಅಸಮಾಧಾನವಾಗಿದೆಯೆಂಬ ತಂತಿ ಓದಿ ನೊಂದು, ತನ್ನನ್ನು ಬಿಡುಗಡೆ ಮಾಡಿ ಎಂದು ಕೇಳಿಯಾಗಿತ್ತು. ಆ ಕಾಗದ ಅವನ ಕೈಸೇರಿದ್ದರೆ ಸೇನೆ ಗೆದ್ದ ಹನ್ನೊಂದನೆಯ ದಿನಕ್ಕೆ ತನ್ನ ದಂಡನಾಯಕನನ್ನು ಕಳೆದುಕೊಳ್ಳುವುದು ಹೆಚ್ಚುಕಡಿಮೆ ಖಚಿತವಿತ್ತು. ಮೀಡ್ ಯುದ್ಧ ಮುಗಿಯುವವರೆಗೂ ಆ ಸೇನೆಯ ಮುಖ್ಯಸ್ಥನಾಗಿಯೇ ಉಳಿದ. ಅಂದಮೇಲೆ ಬರೆದದ್ದು ಲಿಂಕನ್ನನ ಸಿಟ್ಟನ್ನು ತಿಳಿಸಿದರೆ, ಕಳಿಸದೆ ಇಟ್ಟದ್ದು ಆತನ ನಿರ್ಧಾರವನ್ನು ತಿಳಿಸುತ್ತದೆ. ಚರಿತ್ರೆಯನ್ನು ನಡೆಸಿದ್ದು ಎರಡನೆಯದು. ಪತ್ರದ ಅರ್ಥ ಒಕ್ಕಣೆಯಲ್ಲಷ್ಟೇ ಇರುವುದಿಲ್ಲ. ಮೇಲಿನ ವಿಳಾಸದಲ್ಲಿ, ಮೂಲೆಯ ತಾರೀಖಿನಲ್ಲಿ, ಅದು ಅಂಚೆಗೆ ಬಿತ್ತೋ ಇಲ್ಲವೋ ಎಂಬುದರಲ್ಲಿ ಹಂಚಿಹೋಗಿರುತ್ತದೆ.

ಒಕ್ಕಣೆಯೊಂದನ್ನೇ ನೆಚ್ಚಿದರೆ ಏನಾಗುತ್ತದೆಂಬುದಕ್ಕೆ ಲಿಂಕನ್ನನದೇ ಇನ್ನೊಂದು ಪತ್ರ ಒಳ್ಳೆಯ ಉದಾಹರಣೆ. 1862ರ ಆಗಸ್ಟಿನಲ್ಲಿ ‘ನ್ಯೂಯಾರ್ಕ್ ಟ್ರಿಬ್ಯೂನ್’ ಸಂಪಾದಕ ಹೊರೇಸ್ ಗ್ರೀಲಿ, ಗುಲಾಮಗಿರಿಯ ವಿಷಯದಲ್ಲಿ ಅಧ್ಯಕ್ಷ ಮೀನಮೇಷ ಎಣಿಸುತ್ತಿದ್ದಾನೆಂದು ಪತ್ರಿಕೆಯಲ್ಲೇ ಬಹಿರಂಗ ಪತ್ರ ಬರೆದು ತರಾಟೆಗೆ ತೆಗೆದುಕೊಂಡ. ಆಗಸ್ಟ್ 22ರಂದು ಲಿಂಕನ್ ಕೊಟ್ಟ ಉತ್ತರವೂ ಬಹಿರಂಗವೇ: ನನ್ನ ಗುರಿ ಒಕ್ಕೂಟವನ್ನು ಉಳಿಸುವುದು; ಒಬ್ಬ ಗುಲಾಮನನ್ನೂ ಬಿಡಿಸದೆ ಅದು ಸಾಧ್ಯವಾದರೆ ಹಾಗೆ, ಎಲ್ಲರನ್ನೂ ಬಿಡಿಸಿ ಸಾಧ್ಯವಾದರೆ ಹಾಗೆ. ಲಿಂಕನ್ನನಿಗೆ ಗುಲಾಮರ ಬಗ್ಗೆ ಕಾಳಜಿಯೇ ಇರಲಿಲ್ಲ ಎನ್ನುವವರು ಇಂದಿಗೂ ಈ ಪತ್ರವನ್ನೇ ಮುಂದಿಡುತ್ತಾರೆ. ಆದರೆ ಅದಕ್ಕೂ ಒಂದು ತಿಂಗಳ ಮೊದಲು, ಜುಲೈ 22ರಂದು, ಆತ ವಿಮೋಚನೆಯ ಘೋಷಣೆಯ ಕರಡನ್ನು ಸಂಪುಟದ ಮುಂದೆ ಓದಿದ್ದ. ರಣರಂಗದಲ್ಲಿ ಒಂದು ಗೆಲುವು ಬರಲಿ, ಇಲ್ಲದಿದ್ದರೆ ಸೋಲುತ್ತಿರುವವರ ಗೋಳಾಟದಂತೆ ಕಂಡೀತು ಎಂಬ ಸಲಹೆಗೆ ಓಗೊಟ್ಟು ಕಾಗದವನ್ನು ಒಳಗಿಟ್ಟಿದ್ದ. ಸೆಪ್ಟೆಂಬರ್ 17ರಂದು ಆಂಟೀಟಮ್ ಕದನ ನಡೆಯಿತು, 22ಕ್ಕೆ ಘೋಷಣೆ ಹೊರಬಿತ್ತು. ಗ್ರೀಲಿಗೆ ಬರೆದ ಪತ್ರ ಸುಳ್ಳಲ್ಲ. ಆದರೆ ಅದು ಬರಲಿರುವ ಘೋಷಣೆಗೆ, ಹಿಂಜರಿಯುತ್ತಿದ್ದ ಉತ್ತರದವರ ಮನಸ್ಸನ್ನು ಹದಗೊಳಿಸುವ ಉಳುಮೆ. ಉಳುಮೆಯನ್ನಷ್ಟೇ ನೋಡಿದವರಿಗೆ ಬಿತ್ತನೆಯ ಬೀಜ ಕಾಣುವುದಿಲ್ಲ.

ಹಾಗಿದ್ದರೆ ಪತ್ರಗಳನ್ನು ನಂಬುವುದೇ ಬೇಡವೇ? ಬೇಕು, ಆದರೆ ನಂಬುಗೆಗೆ ಬೇರೆಯೇ ಕಾರಣ ಬೇಕು. ಪತ್ರದ ನಿಜವಾದ ಹಿರಿಮೆ ಪ್ರಾಮಾಣಿಕತೆಯಲ್ಲಿಲ್ಲ, ಅಜ್ಞಾನದಲ್ಲಿದೆ. ಬರೆಯುವವನಿಗೆ ಮುಂದೇನಾಗುವುದೆಂದು ತಿಳಿದಿರುವುದಿಲ್ಲ. ಆತ್ಮಕಥೆ ಬರೆಯುವ ಸೇನಾನಿಗೆ ಫಲಿತಾಂಶ ಗೊತ್ತು, ಆದ್ದರಿಂದ ಅವನ ಪ್ರತಿಯೊಂದು ಹೆಜ್ಜೆಯೂ ಆ ಫಲಿತಾಂಶದ ಕಡೆಗೇ ಇಟ್ಟದ್ದಾಗಿ ಕಾಣುತ್ತದೆ. ಪತ್ರದ ಹೆಜ್ಜೆ ಕತ್ತಲಲ್ಲಿ ಇಟ್ಟದ್ದು. 1944ರ ಜೂನ್ 5ರಂದು ನಾರ್ಮಂಡಿ ದಾಳಿಗೆ ಅಪ್ಪಣೆ ಕೊಟ್ಟ ಜನರಲ್ ಡ್ವೈಟ್ ಐಸೆನ್‌ಹೋವರ್, ದಾಳಿ ಸೋತರೆ ಹೊರಡಿಸಲೆಂದು ಪೆನ್ಸಿಲಿನಲ್ಲಿ ನಾಲ್ಕೇ ವಾಕ್ಯದ ಒಂದು ಹೇಳಿಕೆ ಬರೆದು ಜೇಬಿನ ಪರ್ಸಿನಲ್ಲಿಟ್ಟುಕೊಂಡ. ಅದರ ಕೆಳಗೆ ಜೂನ್ ಎಂದು ಹಾಕಬೇಕಾದಲ್ಲಿ ಜುಲೈ 5 ಎಂದಿದೆ. ಆ ದಿನದ ಒತ್ತಡ ಎಂಥದ್ದೆಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಇನ್ನೂ ಹತ್ತಿರದಿಂದ ನೋಡಬೇಕಾದದ್ದು ಅದರಲ್ಲಿನ ಕಾಟು. ಮೊದಲು ಆತ ಬರೆದದ್ದು ಪಡೆಗಳನ್ನು ಹಿಂದಕ್ಕೆ ಕರೆಸಿಕೊಳ್ಳಲಾಗಿದೆ ಎಂಬರ್ಥದ ಮಾತು. ಅದನ್ನು ಹೊಡೆದುಹಾಕಿ, ಪಡೆಗಳನ್ನು ನಾನು ಹಿಂದಕ್ಕೆ ಕರೆಸಿಕೊಂಡಿದ್ದೇನೆ ಎಂದು ತಿದ್ದಿದ. ತಪ್ಪೇನಾದರೂ ಇದ್ದರೆ ಅದು ನನ್ನೊಬ್ಬನದು ಎಂಬರ್ಥದ ಕೊನೆಯ ಪದಗಳ ಕೆಳಗೆ ಗೆರೆ ಎಳೆದ.

ಕರ್ಮಣಿ ಪ್ರಯೋಗವನ್ನು ಕರ್ತರಿಗೆ ತಿರುಗಿಸಿದ ಈ ಒಂದು ತಿದ್ದುಪಡಿಯ ತೂಕ ನಮ್ಮ ಸರ್ಕಾರಿ ಕನ್ನಡ ಓದಿ ಬಲ್ಲವರಿಗೆ ಬೇಗ ತಿಳಿಯುತ್ತದೆ. ‘ಕ್ರಮ ಕೈಗೊಳ್ಳಲಾಗುವುದು’, ‘ಆದೇಶಿಸಲಾಗಿದೆ’ ಎಂಬ ವಾಕ್ಯಗಳಲ್ಲಿ ಕೆಲಸವಿರುತ್ತದೆ, ಮಾಡಿದವರಿರುವುದಿಲ್ಲ. ಐಸೆನ್‌ಹೋವರ್ ಕೈ ಕೂಡ ಮೊದಲು ಆ ಮರೆಗೇ ಹೋಯಿತು, ಆಮೇಲೆ ಹೊರಬಂತು. ದಾಳಿ ಗೆದ್ದದ್ದರಿಂದ ಆ ಚೀಟಿ ಬೇಕಾಗಲಿಲ್ಲ. ಕೆಲವು ವಾರಗಳ ನಂತರ ಅದು ಸಹಾಯಕ ಹ್ಯಾರಿ ಬುಚರ್ ಕೈಸೇರಿ ಉಳಿದುಕೊಂಡಿತು. ಗೆದ್ದ ಮೇಲೆ ಯಾರು ಬೇಕಾದರೂ, ಸೋತಿದ್ದರೆ ಹೊಣೆ ಹೊರುತ್ತಿದ್ದೆ ಎಂದು ಹೇಳಿಯಾರು. ಗೆಲುವು ಸೋಲು ಎರಡೂ ಸಾಧ್ಯವಿದ್ದಾಗ ಬರೆದಿಟ್ಟ ಮಾತಿಗೆ ಇರುವ ಬೆಲೆ ಅಂಥ ಮಾತಿಗಿಲ್ಲ. ಇದೇ ಮಾನದಂಡ ಇನ್ನೊಬ್ಬ ಸೇನಾನಿಯ ಮಟ್ಟಿಗೆ ಮುಳುವಾಯಿತು. ಅಂತರ್ಯುದ್ಧದ ಮೊದಲ ವರ್ಷಗಳಲ್ಲಿ ಉತ್ತರದ ಸೇನೆಯನ್ನು ನಡೆಸಿದ ಜಾರ್ಜ್ ಮೆಕ್ಲೆಲನ್ ತನ್ನ ಸಮರ್ಥನೆಗೆ ಬರೆದ ಪುಸ್ತಕ ಅವನು ತೀರಿಕೊಂಡ ಮೇಲೆ, 1887ರಲ್ಲಿ, ಪ್ರಕಟವಾಯಿತು. ಅದನ್ನು ಸಿದ್ಧಪಡಿಸಿದ ಗೆಳೆಯ, ಮೆಕ್ಲೆಲನ್ ಯುದ್ಧಕಾಲದಲ್ಲಿ ಹೆಂಡತಿಗೆ ಬರೆದ ಪತ್ರಗಳ ಭಾಗಗಳನ್ನೂ ಸೇರಿಸಿದ. ಪುಸ್ತಕದ ವಾದ ತಾನು ನಿರ್ದೋಷಿಯೆಂದು. ಪತ್ರಗಳಲ್ಲಿ ಕಂಡದ್ದು ತಾನೇ ದೇಶದ ಶಕ್ತಿಯಾಗಿಬಿಟ್ಟೆನೆಂಬ ಹಿಗ್ಗು, ಮೇಲಿನವರ ಬಗ್ಗೆ ತಾತ್ಸಾರ. ಒಂದೇ ರಟ್ಟಿನೊಳಗೆ ಪತ್ರ ಆತ್ಮಕಥೆಯನ್ನು ಸೋಲಿಸಿತು.

ಇದಕ್ಕೆ ಬರುವ ಮೊದಲ ಆಕ್ಷೇಪ ಬಲವಾದದ್ದೇ. ದೊಡ್ಡವರು ನಾಳಿನ ಓದುಗರನ್ನು ಕಣ್ಣಮುಂದಿಟ್ಟುಕೊಂಡೇ ಬರೆಯುತ್ತಾರಲ್ಲ, ಅವರಿಗೆಲ್ಲಿಯ ಕತ್ತಲು? ಜಾರ್ಜ್ ವಾಷಿಂಗ್ಟನ್ ಈ ಆಕ್ಷೇಪಕ್ಕೆ ಹೇಳಿಮಾಡಿಸಿದ ಸಾಕ್ಷಿ. ಸ್ವಾತಂತ್ರ್ಯಯುದ್ಧ ಇನ್ನೂ ನಡೆಯುತ್ತಿದ್ದ 1781ರಲ್ಲೇ ಆತ ಕಾಂಗ್ರೆಸ್ಸಿನ ಒಪ್ಪಿಗೆ ಪಡೆದು, ರಿಚರ್ಡ್ ವ್ಯಾರಿಕ್ ಎಂಬ ಅಧಿಕಾರಿಯ ಕೈಕೆಳಗೆ ಗುಮಾಸ್ತರನ್ನಿಟ್ಟು ತನ್ನ ಯುದ್ಧಕಾಲದ ಕಾಗದಗಳನ್ನೆಲ್ಲ ನಕಲು ಮಾಡಿಸಿದ. ಅವು 44 ಸಂಪುಟಗಳಾದವು. ಯೌವನದಲ್ಲಿ, 1750ರ ದಶಕದಲ್ಲಿ, ಬರೆದ ಪತ್ರಗಳ ನಕಲು ಪುಸ್ತಕವನ್ನು ದಶಕಗಳ ಮೇಲೆ ತೆಗೆದು ಭಾಷೆಯನ್ನು ತಿದ್ದಿದ. 1782ರ ಮೇ 22ರಂದು ಲೂಯಿಸ್ ನಿಕೋಲಾ ಎಂಬ ಕರ್ನಲ್, ಈ ದೇಶಕ್ಕೆ ರಾಜಪ್ರಭುತ್ವವೇ ಲೇಸೆಂಬ ಸೂಚನೆ ಕೊಟ್ಟು ಬರೆದಾಗ ವಾಷಿಂಗ್ಟನ್ ಅದೇ ದಿನ ಕಟುವಾಗಿ ಉತ್ತರಿಸಿದ. ತನ್ನಲ್ಲಿಟ್ಟುಕೊಂಡ ಪ್ರತಿಯ ಕೆಳಗೆ ಇಬ್ಬರು ಸಹಾಯಕರಿಂದ, ನಕಲು ಅಸಲಿಗೆ ಸರಿಯಾಗಿದೆ ಎಂದು ರುಜು ಹಾಕಿಸಿದ. ಪೋಸು ಕೊಡುತ್ತಿದ್ದಾನೆ ಎನ್ನಬಹುದು. ಆದರೆ ಆ ಎರಡು ರುಜುಗಳನ್ನೇ ನೋಡಿ. ರಾಜನಾಗುವ ಆಸೆಯ ಗುಮಾನಿ ಕೂಡ ಎಷ್ಟು ಅಪಾಯಕಾರಿಯಾಗಿತ್ತು, ಸಂಬಳ ಬಾಕಿಯಿದ್ದ ಸೈನ್ಯದ ನಡುವೆ ಅಂಥದೊಂದು ಕಾಗದ ಮೇಜಿಗೆ ಬಂದದ್ದೇ ಆತನನ್ನು ಎಷ್ಟು ಎಚ್ಚರಗೊಳಿಸಿತ್ತು ಎಂಬುದು ಉತ್ತರದ ಒಕ್ಕಣೆಗಿಂತ ಆ ರುಜುಗಳಲ್ಲೇ ಗಟ್ಟಿಯಾಗಿ ಕೇಳುತ್ತದೆ. ತಿದ್ದಿದ ಪತ್ರಗಳ ಮಾತೂ ಅಷ್ಟೆ. ಪತ್ರಕ್ಕೆ ಎರಡು ತುದಿ. ಬರೆದವನು ತನ್ನಲ್ಲಿರುವ ನಕಲನ್ನು ತಿದ್ದಬಲ್ಲ, ಪಡೆದವನ ಪೆಟ್ಟಿಗೆಯಲ್ಲಿರುವ ಅಸಲನ್ನು ತಿದ್ದಲಾರ. ಎರಡೂ ಉಳಿದಿರುವಲ್ಲಿ ಪಕ್ಕಪಕ್ಕ ಇಟ್ಟು ನೋಡಿದರೆ ಇಪ್ಪತ್ತರ ತರುಣ ಮತ್ತು ಅವನ ಬಗ್ಗೆ ನಾಚಿಕೊಂಡ ಐವತ್ತರ ಹಿರಿಯ ಇಬ್ಬರೂ ಸಿಗುತ್ತಾರೆ.

ಎರಡನೆಯ ಆಕ್ಷೇಪ ಆಯ್ಕೆಯದು. ನಮ್ಮ ಕಣ್ಣಿಗೆ ಬೀಳುವುದು ಯಾರೋ ಆಯ್ದ ಪತ್ರ, ಯಾರೋ ಕತ್ತರಿಸಿದ ಸಾಲು. ರಾಬರ್ಟ್ ಲೀ 1856ರ ಡಿಸೆಂಬರ್ 27ರಂದು ಹೆಂಡತಿಗೆ ಬರೆದ ಪತ್ರದಲ್ಲಿ ಗುಲಾಮಗಿರಿಯನ್ನು ಕೆಡುಕೆಂದು ಕರೆದಿದ್ದಾನೆ. ಆತನ ಅಭಿಮಾನಿಗಳು ಎತ್ತಿಹೇಳುವುದು ಇಷ್ಟನ್ನೇ. ಅದರ ಮುಂದೆಯೇ ಆತ, ಈ ಕೆಡುಕು ಕರಿಯರಿಗಿಂತ ಬಿಳಿಯರಿಗೇ ಹೆಚ್ಚಿನದು, ಆಫ್ರಿಕದಲ್ಲಿದ್ದುದಕ್ಕಿಂತ ಅವರು ಇಲ್ಲಿ ಮೇಲು, ಅವರು ಪಡುವ ಕಷ್ಟ ಅವರಿಗೆ ಬೇಕಾದ ಶಿಸ್ತು, ಅದೆಷ್ಟು ಕಾಲವೆಂಬುದು ದೇವರಿಗೆ ಬಿಟ್ಟದ್ದು ಎನ್ನುತ್ತಾನೆ. ಅರ್ಧ ಪತ್ರದ ಲೀ ಗುಲಾಮಗಿರಿಯ ವಿರೋಧಿ, ಪೂರ್ತಿ ಪತ್ರದ ಲೀ ಅದರ ವಕೀಲ. ಆಯ್ಕೆ ಹಗೆಯ ಕೈಯಲ್ಲಿದ್ದರೆ ಏನಾಗುತ್ತದೆಂಬುದು ಕನ್ನಡನಾಡಿನವರಿಗೆ ಗೊತ್ತಿಲ್ಲದ್ದಲ್ಲ. 1781ರಲ್ಲಿ ಯಾರ್ಕ್‌ಟೌನಿನಿಂದ ವಾಷಿಂಗ್ಟನ್ನನಿಗೆ ಪತ್ರ ಬರೆದು ಕದನವಿರಾಮ ಬೇಡಿದ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ. ಗೆದ್ದ ವಾಷಿಂಗ್ಟನ್ ತನ್ನ ಪತ್ರಗಳನ್ನು ತಾನೇ ಕಾಪಿಟ್ಟ. 1799ರಲ್ಲಿ ಮಡಿದ ಟಿಪ್ಪುವಿನ ಪತ್ರಗಳು ಈಸ್ಟ್ ಇಂಡಿಯಾ ಕಂಪನಿಯ ಪಾಲಾದವು. ಕಂಪನಿಯ ಅಧಿಕಾರಿ ವಿಲಿಯಂ ಕರ್ಕ್‌ಪ್ಯಾಟ್ರಿಕ್ ಅವನ್ನು ಆಯ್ದು, ಇಂಗ್ಲಿಷಿಗೆ ತಂದು, ಟಿಪ್ಪುವಿನ ಕ್ರೌರ್ಯವನ್ನು ಕಾಣಿಸುವ ಉದ್ದೇಶದಿಂದಲೇ 1811ರಲ್ಲಿ ಅಚ್ಚುಹಾಕಿಸಿದ. ಹಾಗಿದ್ದೂ ಬಂಗಾಳದಿಂದ ರೇಷ್ಮೆಹುಳು ತರಿಸುವ, ಅವನ್ನು ಸಾಕುವ ವಿಚಾರದ ಪತ್ರ ಅದೇ ಸಂಪುಟದಲ್ಲಿ ನುಸುಳಿಕೊಂಡಿದೆ. ಆಯ್ದವನ ಉದ್ದೇಶಕ್ಕಿಂತ ಪತ್ರದ ವಿವರ ಯಾವಾಗಲೂ ಒಂದು ಹಿಡಿ ಹೆಚ್ಚೇ. ಆಯ್ಕೆಯ ದೋಷಕ್ಕೆ ಮದ್ದು ಇಡೀ ಪತ್ರವನ್ನು ಓದುವುದು, ಅದರ ಅಕ್ಕಪಕ್ಕದ್ದನ್ನು ಹುಡುಕುವುದು.

ಮೂರನೆಯ ಆಕ್ಷೇಪಕ್ಕೆ ಪೂರ್ತಿ ಉತ್ತರ ನನ್ನಲ್ಲಿಲ್ಲ, ಇದೆಯೆಂದು ನಟಿಸುವುದೂ ಸಲ್ಲದು. ಅಕ್ಷರ, ಅಂಚೆ, ಬೀಗವಿರುವ ಪೆಟ್ಟಿಗೆ ಇದ್ದವರ ಪತ್ರಗಳಷ್ಟೇ ಉಳಿದಿವೆ. ಉಳಿದವರು ಅವುಗಳೊಳಗೆ ಹೆಸರಾಗಿ, ಸಂಖ್ಯೆಯಾಗಿ, ಕೆಲವೊಮ್ಮೆ ಬರೀ ಕಿರಿಕಿರಿಯಾಗಿ ಬರುತ್ತಾರೆ. 1859ರಲ್ಲಿ ಲೀಯ ಮಾವನ ಆರ್ಲಿಂಗ್ಟನ್ ಎಸ್ಟೇಟಿನಿಂದ ವೆಸ್ಲಿ ನಾರಿಸ್ ಎಂಬ ಗುಲಾಮ ತನ್ನ ತಂಗಿ ಮತ್ತು ಇನ್ನೊಬ್ಬ ಬಂಧುವಿನೊಡನೆ ತಪ್ಪಿಸಿಕೊಂಡು, ಮೇರಿಲ್ಯಾಂಡಿನಲ್ಲಿ ಸಿಕ್ಕಿಬಿದ್ದ. ಪತ್ರಿಕೆಯಲ್ಲಿ ಸುದ್ದಿ ಬಂತು. ಆಗ ಲೀ ಮಗನಿಗೆ ಬರೆದ ಪತ್ರದಲ್ಲಿ, ಪತ್ರಿಕೆಗೆ ಉತ್ತರಿಸುವುದಿಲ್ಲ, ನಿನ್ನ ಅಜ್ಜ ನನಗೆ ಅಹಿತವಾದ ಆಸ್ತಿ ಬಿಟ್ಟುಹೋದರು ಎಂಬಷ್ಟೇ ಮಾತಿದೆ. ಆ ಮೂವರಿಗೆ ಬಿದ್ದ ಚಾಟಿ ಏಟಿನ ವಿಷಯ ತಿಳಿಯಬೇಕಾದರೆ, ಬಿಡುಗಡೆಯಾದ ನಾರಿಸ್ ಕೊಟ್ಟು 1866ರಲ್ಲಿ ಅಚ್ಚಾದ ಹೇಳಿಕೆಗೇ ಹೋಗಬೇಕು. ಲೀಯ ಪತ್ರಗಳನ್ನೆಲ್ಲ ಎಷ್ಟೇ ಸೂಕ್ಷ್ಮವಾಗಿ ಓದಿದರೂ ಆ ಏಟು ಸಿಗುವುದಿಲ್ಲ. ಆದರೂ ನಾರಿಸ್‌ನ ಹೇಳಿಕೆಯನ್ನು ಕೈಯಲ್ಲಿ ಹಿಡಿದು ಮತ್ತೆ ಆ ಪತ್ರಕ್ಕೆ ಬಂದರೆ ‘ಅಹಿತವಾದ ಆಸ್ತಿ’ ಎಂಬ ಮಾತಿನ ಒಳಗೆ ಯಾರಿದ್ದರು ಎಂಬುದು ಕಾಣುತ್ತದೆ. ಪತ್ರ ತಾನಾಗಿ ಬಾಯಿಬಿಡದು. ಎದುರಿಗೆ ಇನ್ನೊಂದು ಸಾಕ್ಷಿ ನಿಂತಾಗ ಅದರ ಮೌನಕ್ಕೂ ಅರ್ಥ ಹುಟ್ಟುತ್ತದೆ.

ಪತ್ರ ಒಂದು ಕೆಲಸ ಎಂದೆ. ಕೆಲಸಕ್ಕೆ ಫಲ ಉಂಟು. 1951ರ ಮಾರ್ಚ್ 20ರಂದು ಜನರಲ್ ಡಗ್ಲಾಸ್ ಮೆಕಾರ್ಥರ್, ಕೊರಿಯಾ ಯುದ್ಧದ ಬಗ್ಗೆ ಸರ್ಕಾರದ ನೀತಿಗೆ ಎದುರಾದ ತನ್ನ ಅಭಿಪ್ರಾಯವನ್ನು ವಿರೋಧಪಕ್ಷದ ನಾಯಕ ಜೋಸೆಫ್ ಮಾರ್ಟಿನ್‌ಗೆ ಬರೆದ. ಗುಟ್ಟಾಗಿಡಿ ಎಂಬ ಮಾತು ಅದರಲ್ಲಿರಲಿಲ್ಲ. ಏಪ್ರಿಲ್ 5ರಂದು ಮಾರ್ಟಿನ್ ಅದನ್ನು ಸದನದಲ್ಲಿ ಓದಿದ, 11ರಂದು ಅಧ್ಯಕ್ಷ ಹ್ಯಾರಿ ಟ್ರೂಮನ್ ಜನರಲ್ಲನನ್ನು ವಜಾ ಮಾಡಿದ. ಪತ್ರಗಳ ಅಪಾಯ ಟ್ರೂಮನ್ನನಿಗೂ ಗೊತ್ತಿತ್ತು. ಸಿಟ್ಟಿನಲ್ಲಿ ಬರೆದು ಅಂಚೆಗೆ ಹಾಕದೆ ಇಟ್ಟ ಎಷ್ಟೋ ಕಾಗದಗಳು ಆತನ ಸಂಗ್ರಹದಲ್ಲಿವೆ. ಆದರೆ 1950ರ ಡಿಸೆಂಬರಿನಲ್ಲಿ ಒಮ್ಮೆ, ಮಗಳ ಹಾಡುಗಾರಿಕೆಯನ್ನು ಟೀಕಿಸಿದ ಪತ್ರಿಕಾ ವಿಮರ್ಶಕನಿಗೆ ಕೈಮಾಡುವ ಬೆದರಿಕೆಯ ಪತ್ರ ಹೊರಟೇಹೋಯಿತು, ಊರೆಲ್ಲ ಓದಿತು. ಕೊರಿಯಾದಲ್ಲಿ ಚೀನೀ ಸೇನೆಯ ಹೊಡೆತಕ್ಕೆ ಅಮೆರಿಕದ ಹುಡುಗರು ಸಾಯುತ್ತಿದ್ದ ದಿನಗಳು ಅವು. ಆ ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ಒಬ್ಬ ತಂದೆ, ಮಗನ ಸಾವಿಗೆ ನೀವೇ ಹೊಣೆ ಎಂದು ಬರೆದು, ಸರ್ಕಾರ ಕೊಟ್ಟ ಪದಕವನ್ನು ಟ್ರೂಮನ್ನನಿಗೇ ಹಿಂದಕ್ಕೆ ಕಳಿಸಿದ. ಮಗನಿಗಾದದ್ದು ನಿಮ್ಮ ಮಗಳಿಗೆ ಆಗಲಿಲ್ಲವಲ್ಲ ಎಂಬ ಕಹಿ ಅದರ ಕೊನೆಯಲ್ಲಿತ್ತು. 1972ರಲ್ಲಿ ಟ್ರೂಮನ್ ತೀರಿಕೊಂಡ ಮೇಲೆ ಆ ಪತ್ರವೂ ಪದಕವೂ ಆತನ ಮೇಜಿನ ಡ್ರಾಯರಿನಲ್ಲಿ ಸಿಕ್ಕವು. ತನ್ನ ಪರವಾಗಿ ಸಾಕ್ಷಿ ಹೇಳುವ ಕಾಗದಗಳನ್ನು ಕಾಪಿಡುವವರು ಬೇಕಾದಷ್ಟು ಮಂದಿ. ತನ್ನ ವಿರುದ್ಧದ ಈ ಒಂದನ್ನು ಟ್ರೂಮನ್ ಯಾಕೆ ಕೈಗೆಟುಕುವಲ್ಲೇ ಇಟ್ಟುಕೊಂಡನೋ, ಆತ ಬರೆದ ಯಾವ ಪತ್ರವೂ ಹೇಳುವುದಿಲ್ಲ. ಇಟ್ಟುಕೊಂಡದ್ದಷ್ಟೇ ಹೇಳುತ್ತದೆ.