ಗ್ರಿಪ್ ಇರೋದು ಟೈರಿನಲ್ಲೋ, ಬಲಗೈಯಲ್ಲೋ?

ಬೈಕ್ ರೇಸಿಂಗ್ ಬಗ್ಗೆ ನಾಲ್ಕು ಜನ ಸೇರಿ ಮಾತಾಡತೊಡಗಿದರೆ, ಮಾತು ಎಲ್ಲೆಲ್ಲಿ ಸುತ್ತಿದರೂ ಕೊನೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ. ಹಿಂದಿನ ಟೈರಿಗೆ ಇನ್ನಷ್ಟು ಗ್ರಿಪ್ ಬರಿಸೋದು ಹೇಗೆ? ಸಿಗುವ ಉತ್ತರಗಳೂ ಹೆಚ್ಚುಕಮ್ಮಿ ಒಂದೇ. ಮೆತ್ತಗಿನ ರಬ್ಬರಿನ ಟೈರು ಹಾಕಿಸು, ಅಗಲದ್ದು ಹಾಕಿಸು, ಗಾಳಿ ಇಳಿಸು. ಈ ಮೂರು ಉಪದೇಶ ಕೇಳಿ ಕೇಳಿ ನನಗಂತೂ ಸಾಕಾಗಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ ಜಾರಿದವರೆಲ್ಲ ಬೈಯುವುದು ಟೈರನ್ನೇ. ನನ್ನ ವಾದ ಇಷ್ಟೇ: ಗ್ರಿಪ್ ಅಂಗಡಿಯಲ್ಲಿ ಕೊಂಡು ತರುವ ವಸ್ತುವಲ್ಲ. ಬಿಸಿ, ಗಾಳಿ, ಭಾರ ಮತ್ತು ಓಡಿಸುವವನ ಬಲಗೈ ಸೇರಿ ಆಯಾ ಕ್ಷಣಕ್ಕೆ ತಯಾರಾಗುವ ಅಡುಗೆ ಅದು. ಸಾಮಾನು ಎಷ್ಟೇ ದುಬಾರಿಯದಿದ್ದರೂ ಒಲೆ ಹಚ್ಚದೆ ಅಡುಗೆಯಾಗುವುದಿಲ್ಲ.

ಬೈಕ್ ಓಡಿಸದವರೂ ಓದಬಹುದು, ಲೆಕ್ಕ ಇರೋದು ಸ್ವಲ್ಪವೇ :)

ಪಿಯುಸಿಯಲ್ಲಿ ಓದಿದ ಘರ್ಷಣೆಯ ಪಾಠ ನೆನಪಿದೆಯಲ್ಲ? ಘರ್ಷಣೆ ಭಾರಕ್ಕೆ ತಕ್ಕಂತೆ ಹೆಚ್ಚುತ್ತದೆ, ತಾಗುವ ಜಾಗದ ವಿಸ್ತೀರ್ಣಕ್ಕೂ ಅದಕ್ಕೂ ಸಂಬಂಧವಿಲ್ಲ ಅಂತ. ಮರದ ತುಂಡಿಗೆ ಆ ಮಾತು ಸರಿ. ರಬ್ಬರು ಅಷ್ಟು ವಿಧೇಯ ವಿದ್ಯಾರ್ಥಿಯಲ್ಲ. ಅದು ಡಾಂಬರಿನ ಸಣ್ಣ ಸಣ್ಣ ಉಬ್ಬುತಗ್ಗುಗಳೊಳಗೆ ಇಳಿಯುತ್ತದೆ, ಹಿಗ್ಗುತ್ತದೆ, ಕುಗ್ಗುತ್ತದೆ, ಆ ಕಸರತ್ತಿನಲ್ಲಿ ಶಕ್ತಿಯನ್ನು ಶಾಖವಾಗಿ ಕಳೆಯುತ್ತದೆ. ಜೊತೆಗೆ ಅಣುಗಳ ಮಟ್ಟದಲ್ಲಿ ರಸ್ತೆಗೆ ಅಂಟಿಕೊಳ್ಳುತ್ತದೆ ಕೂಡ. ಈ ಎರಡೂ ಸೇರಿದ್ದೇ ಗ್ರಿಪ್. ಎರಡಕ್ಕೂ ಸರಿಯಾದ ಬಿಸಿ ಬೇಕು. ತಣ್ಣಗಿದ್ದರೆ ರಬ್ಬರು ಗಟ್ಟಿ, ತಗ್ಗಿನೊಳಗೆ ಇಳಿಯುವುದಿಲ್ಲ. ಅತಿಯಾಗಿ ಕಾದರೆ ಮೇಲ್ಪದರ ಸಡಿಲಾಗಿ ಜಿಡ್ಡು ಹಿಡಿದಂತೆ ಜಾರುತ್ತದೆ. ರೇಸಿನವರು ಟೈರಿಗೆ ಕಂಬಳಿ ಹೊದಿಸಿ ಕೂರಿಸುವುದು ಚೆಂದಕ್ಕಲ್ಲ.

ಇನ್ನು ಗಾಳಿಯ ವಿಷಯ. 'ರೇಸಿನವರು ಗಾಳಿ ಕಡಿಮೆ ಹಾಕ್ತಾರೆ' ಅನ್ನುವುದು ಅರ್ಧ ಸತ್ಯ. ಅವರಿಗೆ ಮುಖ್ಯವಾಗುವುದು ಟೈರು ಕಾದ ಮೇಲಿನ ಒತ್ತಡ. ಒಂದು ಲೆಕ್ಕ ನೋಡಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 25 ಪಿಎಸ್‌ಐ ಹಾಕಿದ್ದೀರಿ ಅಂದುಕೊಳ್ಳಿ. ವಾತಾವರಣದ 14.7 ಸೇರಿಸಿದರೆ 39.7. ಟೈರು 85 ಡಿಗ್ರಿಗೆ ಕಾದರೆ ಕೆಲ್ವಿನ್ ಲೆಕ್ಕದಲ್ಲಿ 298 ಇದ್ದದ್ದು 358 ಆಯಿತು, ಅಂದರೆ 1.2 ಪಟ್ಟು. 39.7 ಹೋಗಿ ಸುಮಾರು 47.7 ಆಗುತ್ತದೆ, ವಾತಾವರಣದ್ದನ್ನು ಕಳೆದರೆ ಮೀಟರು ತೋರಿಸುವುದು 33! ರೇಸಿನವನ 25ರ ಹಿಂದೆ ಈ 33 ಅಡಗಿ ಕೂತಿರುತ್ತದೆ. ಆಫೀಸಿಗೆ ಹೋಗುವ ಬೈಕಿನ ಟೈರು ಅಷ್ಟು ಕಾಯುವುದೇ ಇಲ್ಲ, ಅಲ್ಲಿ 25 ಹಾಕಿದರೆ ಹೆಚ್ಚುಕಮ್ಮಿ 25ರ ಹತ್ತಿರವೇ ಉಳಿಯುತ್ತದೆ. ಒತ್ತಡ ತೀರಾ ಕಡಿಮೆಯಾದರೆ ರೇಸಿನಲ್ಲೂ ಅಪಾಯವೇ. ಮೋಟೋಜಿಪಿಯಲ್ಲಿ ನಿಗದಿತ ಕನಿಷ್ಠ ಒತ್ತಡಕ್ಕಿಂತ ಕೆಳಗೆ ಓಡಿಸಿದವರಿಗೆ ದಂಡ ಹಾಕಲು ಶುರುಮಾಡಿದ್ದು 2023ರಲ್ಲಿ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ನನ್ನ ಗೆಳೆಯನೊಬ್ಬ ಸಂಬಳ ಉಳಿಸಿ ಟ್ರ್ಯಾಕಿಗೆಂದೇ ಮಾಡಿದ ಮೆತ್ತಗಿನ ಟೈರು ಹಾಕಿಸಿದ. ಯಾರೋ ರೇಸಿನವರು ಹೇಳಿದ ಅಂಕಿಗೆ ಗಾಳಿ ಇಳಿಸಿದ. ಡಿಸೆಂಬರಿನ ಮುಂಜಾನೆ, ಮಂಜು ಕರಗುವ ಮೊದಲೇ ನಂದಿಬೆಟ್ಟ ಹತ್ತಲು ಹೊರಟ. ಮೂರನೆಯದೋ ನಾಲ್ಕನೆಯದೋ ತಿರುವಿನಲ್ಲಿ, ಅಂಥ ವೇಗವೇನೂ ಇಲ್ಲದೆ, ಹಿಂದಿನ ಚಕ್ರ ಜಾರಿತು. ಕತ್ತಿನ ಪಕ್ಕದ ಮೂಳೆ ಮುರಿದು ಆರು ವಾರ ಎಡಗೈಯಲ್ಲಿ ಕೋಡ್ ಬರೆದ. 'ಅಷ್ಟು ದುಡ್ಡು ಕೊಟ್ಟರೂ ಟೈರು ಕೈಕೊಡ್ತು' ಅಂತ ಇವತ್ತಿಗೂ ಅನ್ನುತ್ತಾನೆ. ಟೈರು ಕೆಟ್ಟದ್ದಲ್ಲ ಮಾರಾಯಾ. ಅದಕ್ಕೆ ಬೇಕಾದ ಬಿಸಿ ಅವತ್ತು ಸಿಗಲಿಲ್ಲ. ಆ ರಸ್ತೆಯಲ್ಲಿ ಸಿಗುವುದೂ ಇಲ್ಲ, ಸಿಗುವಷ್ಟು ವೇಗದಲ್ಲಿ ಅಲ್ಲಿ ಹೋಗಲೂಬಾರದು.

ಅಗಲದ ಟೈರಿನ ಮೋಹವೂ ಹೀಗೇ. 150 ಸಿಸಿ ಬೈಕಿನ ಕಿರಿದಾದ ರಿಮ್ಮಿಗೆ ದಪ್ಪ ಟೈರು ತುರುಕಿದರೆ ಅದರ ಎರಡೂ ಅಂಚು ಹಿಸುಕಿದಂತಾಗಿ ನಡುವೆ ಚೂಪಾಗುತ್ತದೆ. ನೋಡುವವರಿಗೆ ಗತ್ತು, ರಸ್ತೆಗೆ ತಾಗುವ ಆಕಾರ ಮಾತ್ರ ಟೈರು ಮಾಡಿದವರು ಯೋಚಿಸಿದ್ದಲ್ಲ.

ಹಾಗಾದರೆ ರೇಸಿನವರು ಮಾಡುವುದಾದರೂ ಏನು? ಮೊದಲನೆಯದು, ಹಾಸಿಗೆ ಇದ್ದಷ್ಟು ಕಾಲು ಚಾಚುವುದು. ರಸ್ತೆಗೆ ತಾಗಿರುವ ಅಂಗೈಯಷ್ಟು ರಬ್ಬರು ಒಟ್ಟು ಇಷ್ಟೇ ಬಲ ತಡೆಯಬಲ್ಲದು. ಅದನ್ನು ತಿರುಗುವುದಕ್ಕೂ ಮುನ್ನುಗ್ಗುವುದಕ್ಕೂ ಹಂಚಬೇಕು. ಇವೆರಡು ಒಂದಕ್ಕೊಂದು ಲಂಬವಾಗಿರುವುದರಿಂದ ನಮ್ಮ ಹಳೇ ಪೈಥಾಗೊರಸ್ ಇಲ್ಲೂ ಬರುತ್ತಾನೆ. ತಿರುವಿಗೆ ಶೇಕಡಾ 90ರಷ್ಟು ಖರ್ಚು ಮಾಡಿದರೆ ಮುನ್ನುಗ್ಗಲು 10 ಅಲ್ಲ, ಸುಮಾರು 44 ಉಳಿಯುತ್ತದೆ. ಆದರೆ 98 ಖರ್ಚು ಮಾಡಿದರೆ ಉಳಿಯುವುದು 20 ಮಾತ್ರ. ಆ ಕೊನೆಯ ಎಂಟಕ್ಕೆ ತೆರುವ ಬೆಲೆ ನೋಡಿ! ಅದಕ್ಕೇ ಒಳ್ಳೆಯ ಸವಾರ ತಿರುವಿನಿಂದ ಹೊರಬರುವಾಗ ಮೈಯನ್ನು ಒಳಗಡೆಗೇ ಜೋತುಬಿಟ್ಟು ಬೈಕನ್ನು ಮಾತ್ರ ನೆಟ್ಟಗೆ ಮಾಡುತ್ತಾನೆ, ಆಮೇಲೆ ಥ್ರಾಟಲ್ ತೆರೆಯುತ್ತಾನೆ. ಬಾಗಿದಷ್ಟೂ ಹೀರೋ ಅನ್ನುವುದು ಫೋಟೋ ತೆಗೆಯುವವರ ಶಾಸ್ತ್ರ.

ಎರಡನೆಯದು, ಮೊದಲು ಭಾರ, ಆಮೇಲೆ ಶಕ್ತಿ. ಥ್ರಾಟಲನ್ನು ಮೆಲ್ಲಗೆ ತೆರೆದರೆ ಬೈಕಿನ ಭಾರ ಹಿಂದಕ್ಕೆ ಸರಿಯುತ್ತದೆ, ಟೈರು ರಸ್ತೆಗೆ ಒತ್ತಿಕೊಳ್ಳುತ್ತದೆ, ಗ್ರಿಪ್ ಹೆಚ್ಚುತ್ತದೆ. ಹೆಚ್ಚಿದ ಮೇಲೆ ಇನ್ನಷ್ಟು ತೆರೆಯಬಹುದು. ಒಂದೇ ಏಟಿಗೆ ತಿರುಗಿಸಿದರೆ ಭಾರ ಬರುವ ಮೊದಲೇ ಶಕ್ತಿ ಬಂದು ಚಕ್ರ ಜಾರುತ್ತದೆ. ಅದಕ್ಕಿಂತ ಕೆಟ್ಟದ್ದು ಜಾರಿತೆಂದು ಗಾಬರಿಯಾಗಿ ಥ್ರಾಟಲ್ ಪಟ್ಟನೆ ಮುಚ್ಚುವುದು. ಆಗ ಅಡ್ಡಡ್ಡ ಹೋಗುತ್ತಿದ್ದ ಚಕ್ರಕ್ಕೆ ಫಕ್ಕನೆ ಗ್ರಿಪ್ ಸಿಕ್ಕಿ, ಬೈಕು ಕವಣೆಯ ಹಾಗೆ ಸವಾರನನ್ನು ಮೇಲಕ್ಕೆ ಎಸೆಯುತ್ತದೆ. ಇದಕ್ಕೇ ಹೈಸೈಡ್ ಅನ್ನುವುದು. ಅಂದರೆ ಗ್ರಿಪ್ ಇಲ್ಲದ್ದಕ್ಕಿಂತ, ಬರಬಾರದ ಹೊತ್ತಲ್ಲಿ ಬಂದ ಗ್ರಿಪ್ಪೇ ಹೆಚ್ಚು ಅಪಾಯ.

ಕೈಗೂ ಟೈರಿಗೂ ಇರುವ ಈ ನಂಟಿನ ಬಗ್ಗೆ ನನಗೆ ತುಂಬಾ ಇಷ್ಟವಾದ ಕಥೆ ಮಿಕ್ ಡೂಹನ್‌ನದು. 1992ರಲ್ಲಿ ಹೋಂಡಾ ತನ್ನ ಎನ್‌ಎಸ್‌ಆರ್ 500ರ ನಾಲ್ಕೂ ಸಿಲಿಂಡರುಗಳನ್ನು ಹತ್ತಿರ ಹತ್ತಿರವೇ ಸಿಡಿಯುವಂತೆ ಮಾಡಿತು. 'ಬಿಗ್ ಬ್ಯಾಂಗ್' ಅಂತ ಹೆಸರು. ಸಿಡಿತಗಳ ನಡುವಿನ ದೀರ್ಘ ಬಿಡುವಿನಲ್ಲಿ ಟೈರು ಸುಧಾರಿಸಿಕೊಂಡು ಮತ್ತೆ ರಸ್ತೆ ಹಿಡಿಯುತ್ತದೆ ಅನ್ನುವುದು ಆಗಿನ ವಿವರಣೆ. ಆ ವರ್ಷದ ಮೊದಲ ನಾಲ್ಕು ರೇಸುಗಳನ್ನೂ ಡೂಹನ್ನೇ ಗೆದ್ದ, ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು. ಸರಿ, ಗ್ರಿಪ್ಪಿನ ಗುಟ್ಟು ಸಿಕ್ಕಿತು ಅಂತ ಎಲ್ಲರೂ ಅಂದುಕೊಂಡಿರುವಾಗ, 1997ರಲ್ಲಿ ಅದೇ ಡೂಹನ್ ಸಮಾನ ಅಂತರದಲ್ಲಿ ಸಿಡಿಯುವ ಹಳೇ ಮಾದರಿಯ ಎಂಜಿನ್ನಿಗೇ ಮರಳಿದ. ಹದಿನೈದರಲ್ಲಿ ಹನ್ನೆರಡು ರೇಸು ಗೆದ್ದ! ಅವನಿಗೆ ಬೇಕಾಗಿದ್ದದ್ದು ಥ್ರಾಟಲಿಗೂ ಟೈರಿಗೂ ನಡುವೆ ನೇರ ಸಂಬಂಧ. 2004ರಲ್ಲಿ ಯಮಹಾ ಎಂ1ಗೆ ಕ್ರಾಸ್‌ಪ್ಲೇನ್ ಕ್ರ್ಯಾಂಕ್ ಹಾಕಿದಾಗ ಅದರ ಎಂಜಿನಿಯರುಗಳ ತರ್ಕವೂ ಇಂಥದ್ದೇ: ಪಿಸ್ಟನ್ನುಗಳ ಓಡಾಟದಿಂದ ಹುಟ್ಟುವ ಅನಗತ್ಯ ಏರಿಳಿತ ತೆಗೆದರೆ, ಕೈ ಕೇಳಿದ ಬಲ ಮಾತ್ರ ಟೈರಿಗೆ ಮುಟ್ಟುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ನಾಯ್ಸ್ ತೆಗೆದು ಸಿಗ್ನಲ್ ಉಳಿಸುವುದು. ಆ ವರ್ಷ ರೊಸ್ಸಿ ಯಮಹಾ ಸೇರಿದ ಮೊದಲ ಋತುವಿನಲ್ಲೇ ಚಾಂಪಿಯನ್ ಆದ. ಎಂಜಿನ್ನುಗಳು ಬೇರೆ ಬೇರೆ, ಹುಡುಕಿದ್ದು ಮಾತ್ರ ಒಂದನ್ನೇ.

'ಈಗೆಲ್ಲ ಟ್ರ್ಯಾಕ್ಷನ್ ಕಂಟ್ರೋಲ್ ಇದೆಯಲ್ಲ, ಬಲಗೈ ಯಾಕೆ?' ಅಂತ ನೀವು ಕೇಳಬಹುದು. ಸಾಫ್ಟ್‌ವೇರಿನಲ್ಲೇ ಅನ್ನ ತಿನ್ನುವವನಾಗಿ ಹೇಳುತ್ತೇನೆ, ಆ ಕೋಡು ಎರಡು ಚಕ್ರಗಳ ವೇಗ ಹೋಲಿಸಿ, ಬಾಗಿದ ಕೋನ ನೋಡಿ, ಎಂಜಿನ್ನಿನ ಬಲವನ್ನು ಕತ್ತರಿಸಬಲ್ಲದು. ಇಲ್ಲದ ಗ್ರಿಪ್ಪನ್ನು ಸೃಷ್ಟಿಸಲಾರದು. ಮರಳು ಬಿದ್ದ ತಿರುವಿನಲ್ಲಿ ಯಾವ ಅಲ್ಗಾರಿದಮ್ಮೂ ಮರಳನ್ನು ಗುಡಿಸುವುದಿಲ್ಲ.

ಟೈರು ಮುಖ್ಯವೇ ಅಲ್ಲ ಅಂತ ನಾನು ಹೇಳುತ್ತಿಲ್ಲ. ಸವೆದ, ಗಟ್ಟಿಯಾದ ಟೈರನ್ನು ಬದಲಿಸಲೇಬೇಕು. ಆದರೆ ಮೋಟೋಜಿಪಿಯನ್ನೇ ನೋಡಿ. 2009ರಿಂದ ಎಲ್ಲರಿಗೂ ಒಂದೇ ಕಂಪನಿಯ ಟೈರು. ಮೊದಲು ಬ್ರಿಜ್‌ಸ್ಟೋನ್, 2016ರಿಂದ ಮಿಶೆಲಿನ್, 2027ರ ಋತುವಿಗೆ ಪಿರೆಲ್ಲಿ. ರಬ್ಬರು ಒಂದೇ ಆದರೂ ಕೊನೆಯ ಐದು ಸುತ್ತುಗಳಲ್ಲಿ ಒಬ್ಬನ ಟೈರು ಗಟ್ಟಿಯಾಗಿ ರಸ್ತೆ ಹಿಡಿದಿರುತ್ತದೆ, ಇನ್ನೊಬ್ಬನದು ಬಸವಳಿದಿರುತ್ತದೆ. ಆ ವ್ಯತ್ಯಾಸ ಸಸ್ಪೆನ್ಷನ್ನಿನ ಹೊಂದಾಣಿಕೆಯಲ್ಲಿದೆ, ಮೊದಲ ಹತ್ತು ಸುತ್ತುಗಳಲ್ಲಿ ಬಲಗೈ ತೋರಿದ ಸಂಯಮದಲ್ಲಿದೆ. ಹಿಂದಿನ ಗ್ರಿಪ್ ವಿಪರೀತವಾದರೂ ಕಷ್ಟವೇ, ಅದು ಮುಂದಿನ ಚಕ್ರವನ್ನು ತಿರುವಿನಿಂದ ಹೊರಕ್ಕೆ ದೂಡುತ್ತದೆ.

ಆದ್ದರಿಂದ ಗ್ರಿಪ್ ಬೇಕೆನ್ನುವ ಹುಡುಗರಿಗೆ ನನ್ನ ಸಲಹೆ. ಆ ಟೈರಿನ ದುಡ್ಡಲ್ಲಿ ಮೊದಲು ಒಂದು ಒಳ್ಳೆಯ ಪ್ರೆಷರ್ ಗೇಜ್ ಕೊಳ್ಳಿ. ಸ್ಪ್ರಿಂಗನ್ನು ನಿಮ್ಮ ತೂಕಕ್ಕೆ ಸರಿಮಾಡಿಸಿ. ಉಳಿದದ್ದರಲ್ಲಿ ಚೆನ್ನೈ ಹತ್ತಿರದ ಇರುಂಗಾಟುಕೋಟೈಗೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಹೋಗಿ, ಕಲಿಸುವವರ ಕೈಕೆಳಗೆ ಒಂದು ದಿನ ಓಡಿಸಿ. ಬೈಕಿನ ಮೇಲೆ ಲಕ್ಷಗಟ್ಟಲೆ ಸುರಿಯುವ ಬೆಂಗಳೂರಿನವರು ಕಲಿಯಲು ಪಕ್ಕದ ರಾಜ್ಯಕ್ಕೆ ಹೋಗಬೇಕು ಅನ್ನುವುದು ಬೇಸರದ ವಿಷಯವೇ. ಆದರೂ ಎದುರಿಂದ ಹಾಲಿನ ವ್ಯಾನ್ ಬರುವ ಬೆಟ್ಟದ ದಾರಿಯಲ್ಲಿ ಕಲಿಯುವುದಕ್ಕಿಂತ ಆರು ತಾಸಿನ ಪ್ರಯಾಣ ಮೇಲು. ಅಲ್ಲಿ ಜಾರಿದರೆ ಜಾರಲು ಜಾಗವಿದೆ, ಪಕ್ಕದಲ್ಲೇ ಆಂಬುಲೆನ್ಸ್ ನಿಂತಿರುತ್ತದೆ. ನಂದಿಬೆಟ್ಟದಲ್ಲಿ ಇರುವುದು ತಡೆಗೋಡೆ.

ನಿಮ್ಮಲ್ಲಿ ಯಾರಾದರೂ ಟ್ರ್ಯಾಕಿನಲ್ಲಿ ಓಡಿಸಿದ್ದೀರಾ? ನನ್ನ ವಾದದಲ್ಲಿ ತೂತು ಕಂಡರೆ ಕಾಮೆಂಟಿನಲ್ಲಿ ಬರೆಯಿರಿ, ಜಗಳ ಆಡೋಣ.