ದಸ್ತಾವೇಜು ಯಾರ ಸ್ವತ್ತು?

ಗಣಕಯಂತ್ರದಲ್ಲಿ ಪತ್ರವೊಂದನ್ನು ಬರೆಯುವವರು ತೆರೆಯ ಮೇಲೆ ಕಾಣುವ ಹಾಳೆಯೇ ಆ ಪತ್ರವೆಂದು ಭಾವಿಸುವುದು ಸಹಜ. ವಾಸ್ತವದಲ್ಲಿ ಆ ಪತ್ರವು ಮೂರು ರೂಪಗಳಲ್ಲಿರುತ್ತದೆ. ತಂತ್ರಾಂಶವು ಕೆಲಸಮಾಡುತ್ತಿರುವಾಗ ಯಂತ್ರದ ಸ್ಮೃತಿಯಲ್ಲಿ ಹೆಣೆದುಕೊಂಡಿರುವ ಅಂಶಗಳ ಸಮೂಹವು ಮೊದಲನೆಯದು. ತೆರೆಯ ಮೇಲಿನ ಚಿತ್ರವು ಎರಡನೆಯದು. ವಿದ್ಯುತ್ತು ನಿಂತ ಮೇಲೂ ಉಳಿಯುವಂತೆ ಡಿಸ್ಕಿನಲ್ಲಿ ಬರೆದಿಟ್ಟ ಕಡತವು ಮೂರನೆಯದು. ಇವುಗಳಲ್ಲಿ ದೀರ್ಘಕಾಲ ಬಾಳತಕ್ಕದ್ದು ಮೂರನೆಯದೊಂದೇ. ಆದರೆ ತಂತ್ರಾಂಶ ರಚಿಸುವವರ ಗಮನವು ಅದಕ್ಕೇ ಎಲ್ಲಕ್ಕಿಂತ ಕಡಮೆಯಾಗಿ ಸಲ್ಲುತ್ತಿದೆಯೆಂಬುದು ನನ್ನ ಅಭಿಪ್ರಾಯ.

ಸ್ಮೃತಿಯಲ್ಲಿರುವ ತಿರುಳನ್ನೂ ತೆರೆಯ ಮೇಲಿನ ನೋಟವನ್ನೂ ಬೇರೆಬೇರೆಯಾಗಿ ಇಡಬೇಕೆಂಬ ತತ್ತ್ವವನ್ನು ನಾರ್ವೆ ದೇಶದ ತ್ರಿಗ್ವೆ ರೀನ್ಸ್‌ಕೌಗ್ ಅವರು 1979ರಲ್ಲಿ, ಅಮೆರಿಕದ ಜೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾಲಯದಲ್ಲಿದ್ದಾಗ ರೂಪಿಸಿದರು. ಮಳೆಯ ಅಂಕಿಗಳನ್ನು ಕೋಷ್ಟಕವಾಗಿಯೂ ನೋಡಬಹುದು, ರೇಖಾಚಿತ್ರವಾಗಿಯೂ ನೋಡಬಹುದು. ಒಂದು ಅಂಕಿಯನ್ನು ತಿದ್ದಿದರೆ ಎರಡೂ ಬದಲಾಗಬೇಕು. ಏಕೆಂದರೆ ಎರಡೂ ಬರಿಯ ನೋಟಗಳು, ಅಂಕಿಯು ಬೇರೆಯೇ ಇದೆ.

ಈ ತತ್ತ್ವದ ತಳಹದಿಯ ಮೇಲೆ ತಂತ್ರಾಂಶಗಳಿಗೆ ಸಿದ್ಧ ಚೌಕಟ್ಟುಗಳು ಹುಟ್ಟಿಕೊಂಡವು. ಮೈಕ್ರೋಸಾಫ್ಟ್ ಸಂಸ್ಥೆಯು 1990ರ ದಶಕದಲ್ಲಿ ಹೊರತಂದ ಎಂ.ಎಫ್.ಸಿ. ಎಂಬುದೂ, ಆಪಲ್ ಸಂಸ್ಥೆಯ ಕೋಕೋ ಚೌಕಟ್ಟಿನಲ್ಲಿರುವ ಎನ್.ಎಸ್.ಡಾಕ್ಯುಮೆಂಟ್ ಎಂಬುದೂ ಇಂಥವು. ಕಡತವನ್ನು ತೆರೆಯುವುದು, ಉಳಿಸುವುದು, ಮಾಡಿದ ತಿದ್ದುಪಡಿಯನ್ನು ಹಿಂದೆಗೆಯುವುದು, ಮುದ್ರಿಸುವುದು ಮೊದಲಾದ ಕಾರ್ಯಗಳಲ್ಲಿ ಬಹುಭಾಗವನ್ನು ಚೌಕಟ್ಟೇ ನಿರ್ವಹಿಸುತ್ತದೆ. ಆಪಲ್‌ನ ಚೌಕಟ್ಟು ಹೊಸ ಬರೆಹವನ್ನು ಮೊದಲು ತಾತ್ಕಾಲಿಕ ಕಡತದಲ್ಲಿ ಬರೆದು, ಆಮೇಲೆ ಅದನ್ನು ಹಳೆಯದರ ಸ್ಥಾನದಲ್ಲಿರಿಸುತ್ತದೆ. ನಡುವೆ ಯಂತ್ರ ನಿಂತರೂ ಹಳೆಯ ಪ್ರತಿ ಕೆಡದು. 2011ರಲ್ಲಿ ತಾನಾಗಿ ಉಳಿಸುವ ಏರ್ಪಾಡೂ, ಹಿಂದಿನ ಪ್ರತಿಗಳನ್ನು ಕಾಯ್ದಿರಿಸುವ ಏರ್ಪಾಡೂ ಅದಕ್ಕೆ ಸೇರಿದವು. ಕೊನೆಗೆ ತಂತ್ರಾಂಶಕಾರನ ಪಾಲಿಗೆ ಮುಖ್ಯವಾಗಿ ಉಳಿಯುವುವು ಎರಡೇ ಪ್ರಶ್ನೆಗಳು: ಬರೆಹದ ತಿರುಳನ್ನು ಬೈಟುಗಳ ಸಾಲಾಗಿಸುವುದು ಹೇಗೆ? ಆ ಸಾಲಿನಿಂದ ತಿರುಳನ್ನು ಮರಳಿ ಪಡೆಯುವುದು ಹೇಗೆ?

ಅಪಾಯವಿರುವುದು ಇಲ್ಲಿಯೇ. ಸ್ಮೃತಿಯಲ್ಲಿರುವ ಅಂಶಗಳನ್ನು ಇದ್ದ ಕ್ರಮದಲ್ಲಿಯೇ ಕಡತಕ್ಕೆ ಸುರಿದುಬಿಡುವುದು ಅತಿ ಸುಲಭವಾದ ಉತ್ತರ, ಎಂ.ಎಫ್.ಸಿ. ಇದಕ್ಕೆ ಬೇಕಾದ ಸಲಕರಣೆಯನ್ನೂ ಒದಗಿಸಿತು. ಹಾಗೆ ಮಾಡಿದಾಗ ಕಡತವು ಆ ತಂತ್ರಾಂಶದ ನೆರಳಾಗಿಬಿಡುತ್ತದೆ. ತಂತ್ರಾಂಶದ ಒಳರಚನೆ ಬದಲಾದರೆ ಹಳೆಯ ಕಡತ ತೊಡಕಾಗುತ್ತದೆ. ತಂತ್ರಾಂಶವೇ ಕಣ್ಮರೆಯಾದರೆ ಕಡತವೂ ಮೂಕವಾಗುತ್ತದೆ. ಓಲೆಗರಿಯನ್ನು ಓದಲು ಲಿಪಿ ಬಲ್ಲವರಿದ್ದರೆ ಸಾಕು. ಅದನ್ನು ಕೊರೆದ ಕಂಟವೇ ಬೇಕೆಂದು ಯಾರೂ ಹೇಳುವುದಿಲ್ಲವಷ್ಟೆ.

ಪ್ರಕಟಿತ ಕಡತರೂಪಗಳಿಗೆ ಕಟ್ಟುಬಿದ್ದರೆ ಹೊಸ ಸೌಲಭ್ಯಗಳ ಬೆಳವಣಿಗೆ ಕುಂಠಿತವಾಗುವುದೆಂದು ಕೆಲವರು ಆಕ್ಷೇಪಿಸುತ್ತಾರೆ. ಸಮಿತಿಗಳ ನಡಿಗೆ ನಿಧಾನವೆಂಬುದು ನಿಜ. ಆದರೂ ಕಾರ್ಯ ಅಸಾಧ್ಯವಲ್ಲ. 2006ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಓಪನ್ ಡಾಕ್ಯುಮೆಂಟ್ ಕಡತವು ವಾಸ್ತವವಾಗಿ ಒಂದು ಜಿಪ್ ಗಂಟು. ಬಿಚ್ಚಿದರೆ ತಿರುಳು ಒಂದು ಕಡತದಲ್ಲಿಯೂ, ಅಲಂಕಾರದ ಬಹುಭಾಗ ಇನ್ನೊಂದರಲ್ಲಿಯೂ ದೊರೆಯುತ್ತವೆ. ಮೂಲ ತಂತ್ರಾಂಶವಿಲ್ಲದಿದ್ದರೂ ಮಾತುಗಳನ್ನು ಓದಿಕೊಳ್ಳಬಹುದು. ಮೈಕ್ರೋಸಾಫ್ಟ್‌ನ ಡಾಕ್ಸ್ ರೂಪವೂ ಇಂಥ ಗಂಟೇ. ಅದರ ವಿವರಣೆಯು 2008ರಲ್ಲಿ ಮಾನಕವಾಯಿತು.

ಇದು ಕನ್ನಡಿಗರಿಗೆ ದೂರದ ಮಾತೇನೂ ಅಲ್ಲ. ನುಡಿ ಮೊದಲಾದ ತಂತ್ರಾಂಶಗಳು ಗಣಕಯಂತ್ರಕ್ಕೆ ಕನ್ನಡವನ್ನು ತಂದು ಮಹದುಪಕಾರ ಮಾಡಿದವು. ಆದರೆ ಅವುಗಳ ಹಳೆಯ ಫಾಂಟುಗಳು ರೋಮನ್ ಲಿಪಿಯ ಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ತುಣುಕುಗಳನ್ನು ಕೂರಿಸಿದ್ದವು. ಆದುದರಿಂದ ಕಡತದಲ್ಲಿ ಉಳಿದುದು ಅಕ್ಷರವಲ್ಲ, ತುಣುಕಿನ ಸಂಖ್ಯೆ. ಎಂದರೆ ತಿರುಳಲ್ಲ, ನೋಟ. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣಿಸುತ್ತದೆ. ಅಲ್ಲಿ ಪದವನ್ನು ಹುಡುಕುವುದೂ, ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವುದೂ ಕಷ್ಟ. ಯೂನಿಕೋಡ್ 1991ರ ತನ್ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಸ್ಥಾನಗಳನ್ನು ಕೊಟ್ಟಿತು. ಹಳೆಯ ಕಡತಗಳನ್ನು ಅದಕ್ಕೆ ಪರಿವರ್ತಿಸುವ ಸಾಧನಗಳೂ ಇವೆ; ಆದರೆ ಬರೆದುದು ಯಾವ ಫಾಂಟಿನಲ್ಲಿ ಎಂಬುದು ತಿಳಿದಿರಬೇಕು. ಅದನ್ನು ಬಲ್ಲವರು ಇರುವಾಗಲೇ ಈ ಕೆಲಸ ಮುಗಿಯಬೇಕು.

ತಂತ್ರಾಂಶವು ಅದನ್ನು ರಚಿಸಿದವನ ಸ್ವತ್ತಾಗಿರಬಹುದು; ಅದರಲ್ಲಿ ಬರೆದ ದಸ್ತಾವೇಜು ಬರೆದವನ ಸ್ವತ್ತು. ಆದುದರಿಂದ ತಂತ್ರಾಂಶಕಾರರು ತೆರೆಯ ಅಂದವನ್ನು ಯೋಚಿಸುವ ಮೊದಲು ಕಡತದ ರೂಪವನ್ನು ನಿಶ್ಚಯಿಸಿ, ಅದರ ವಿವರಣೆಯನ್ನು ಪ್ರಕಟಿಸಬೇಕು. ಕಚೇರಿಗಳೂ ಗ್ರಂಥಾಲಯಗಳೂ ಶಾಲೆಗಳೂ ತಂತ್ರಾಂಶವನ್ನು ಕೊಳ್ಳುವಾಗ ಬೆಲೆಯೊಂದಿಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಈ ತಂತ್ರಾಂಶವೇ ಇಲ್ಲದ ದಿನ ನಮ್ಮ ಬರೆಹವನ್ನು ಓದುವ ದಾರಿ ಯಾವುದು? ಸಮರ್ಪಕವಾದ ಉತ್ತರ ಬಾರದಿದ್ದಲ್ಲಿ ಅದನ್ನು ಕೊಳ್ಳದಿರುವುದೇ ಲೇಸು.